ಇಬ್ಬರು ಎಳೆಯ ಅರಸರ ತಾಯಿ

ಬೀದರ್ ಎಂದರೆ ಕರಾವಳಿಯ ನಮಗೆ ರಾಜ್ಯದ ಭೂಪಟದ ತುತ್ತತುದಿ. ಕಪ್ಪು ಬಣ್ಣದ ಬಿದರಿ ಹೂದಾನಿ, ದೊಡ್ಡ ಕೋಟೆ, ಬೇಸಿಗೆಯ ಬಿಸಿಲು, ಇಷ್ಟೇ ನಮ್ಮ ನೆನಪಿಗೆ ಬರುವುದು. ಆ ಕೋಟೆಯೊಳಗೆ ಐದೂವರೆ ಶತಮಾನಗಳ ಹಿಂದೆ ಒಬ್ಬ ವಿಧವೆ ತಾಯಿ ಇಬ್ಬರು ಗಂಡುಮಕ್ಕಳನ್ನು ಬೆಳೆಸಿದಳು. ಒಬ್ಬನ ನಂತರ ಒಬ್ಬನನ್ನು ಸಿಂಹಾಸನದ ಮೇಲೆ ಕೂರಿಸಿ, ಅವರ ಪರವಾಗಿ ರಾಜ್ಯವನ್ನೂ ಆಳಿದಳು. ಮಖ್ದೂಮಾ ಜಹಾನ್ ಎಂಬ ಬಿರುದಿನಿಂದ ಹೆಸರಾದ ಆಕೆ ನರ್ಗಿಸ್ ಬೇಗಂ. ಮಕ್ಕಳನ್ನು ಬೆಳೆಸುತ್ತಿರುವ ನಮ್ಮೆಲ್ಲ ತಂದೆತಾಯಂದಿರೂ ತಿಳಿದಿರಬೇಕಾದ ಬದುಕು ಅದು.

ಆಕೆಯ ಗಂಡ ಹುಮಾಯೂನ್ ಶಾ 1458ರಿಂದ 1461ರವರೆಗೆ ಬಹಮನಿ ಸುಲ್ತಾನನಾಗಿದ್ದ. ಜನ ಅವನನ್ನು ಜಾಲಿಮ್, ಅಂದರೆ ಕ್ರೂರಿ ಎಂದೇ ಕರೆದರು. ದಂಗೆಯೆದ್ದ ಸ್ವಂತ ತಮ್ಮನನ್ನೇ ಹುಲಿಗೆ ಎಸೆಯಿಸಿದನೆಂದು ಆ ಕಾಲದ ಚರಿತ್ರೆ ಹೇಳುತ್ತದೆ. ಮಕ್ಕಳು ಕಣ್ಣುಬಿಟ್ಟದ್ದು ಇಂತಹ ಮನೆಯಲ್ಲಿ. 1461ರ ಸೆಪ್ಟೆಂಬರಿನಲ್ಲಿ ಹುಮಾಯೂನ್ ತೀರಿಕೊಂಡಾಗ ಹಿರಿಯ ಮಗ ನಿಜಾಮ್ ಶಾನಿಗೆ ಎಂಟು ವರ್ಷ. ನಮ್ಮ ಮನೆಗಳಲ್ಲಾದರೆ ಮೂರನೆಯ ತರಗತಿಗೆ ಹೋಗುವ ವಯಸ್ಸು. ಅವನಿಗೆ ಪಟ್ಟ ಕಟ್ಟಲಾಯಿತು.

ತಾಯಿ ಅಳುತ್ತಾ ಕೂರಲಿಲ್ಲ. ಖ್ವಾಜಾ ಜಹಾನ್ ತುರ್ಕ್ ಮತ್ತು ಮಹಮೂದ್ ಗವಾನ್ ಎಂಬ ಇಬ್ಬರು ಮಂತ್ರಿಗಳನ್ನು ಜೊತೆಗಿಟ್ಟುಕೊಂಡು ಮೂವರ ಮಂಡಳಿಯೊಂದನ್ನು ರಚಿಸಿದಳು. ಅರಮನೆಯ ಪದ್ಧತಿಯಂತೆ ಆಕೆ ಪರದೆಯ ಹಿಂದೆಯೇ ಇರಬೇಕಿತ್ತು. ಮಾಹ್ ಬಾನು ಎಂಬ ಮಹಿಳೆ ಮಂತ್ರಿಗಳ ಮಾತನ್ನು ಒಳಗೆ ತಲುಪಿಸಿ, ರಾಣಿಯ ತೀರ್ಮಾನವನ್ನು ಹೊರಗೆ ತರುತ್ತಿದ್ದಳು. ಅದಾದ ಮೇಲೆ ಬಾಲಕನನ್ನು ದರ್ಬಾರಿಗೆ ಕರೆತಂದು ಕೂರಿಸುತ್ತಿದ್ದರು. ಬಲಗಡೆ ಒಬ್ಬ ಮಂತ್ರಿ, ಎಡಗಡೆ ಇನ್ನೊಬ್ಬ. ದಿನದಿನವೂ ಇದೇ ಕ್ರಮ. ಮಗನ ದಿನಚರಿ ತಾಯಿಯ ಕೈಯಲ್ಲಿತ್ತು, ರಾಜ್ಯದ ದಿನಚರಿಯೂ ಅಲ್ಲೇ ಇತ್ತು. ಗಂಡನ ಕಾಲದಲ್ಲಿ ನಿಷ್ಕಾರಣವಾಗಿ ಸೆರೆಯಲ್ಲಿದ್ದವರನ್ನು ಬಿಡಿಸಿದ್ದು ಆಕೆಯ ಮೊದಲ ಕೆಲಸಗಳಲ್ಲಿ ಒಂದು. ತಂದೆಯ ತಪ್ಪನ್ನು ಮಗನ ಹೆಸರಿನಲ್ಲಿ ತಿದ್ದಿದಳು ಎನ್ನಬಹುದು.

ಹುಡುಗ ಅರಸನೆಂದು ತಿಳಿದ ನೆರೆಯ ರಾಜರು ಸುಮ್ಮನಿರಲಿಲ್ಲ. ಒಡಿಶಾದ ಕಪಿಲೇಂದ್ರನ ಸೈನ್ಯ ಬೀದರಿನ ಸಮೀಪದವರೆಗೂ ಬಂದು ಹಿಮ್ಮೆಟ್ಟಿತು. ಆಮೇಲೆ ಮಾಳವದ ಮಹಮೂದ್ ಖಿಲ್ಜಿ ಏರಿ ಬಂದ. ಇಂದಿನ ಔರಾದ, ಡಾಬಕಾ ಸೀಮೆಯಿಂದ ಉತ್ತರಕ್ಕೆ, ಮಹಾರಾಷ್ಟ್ರದ ನಾಂದೇಡ ಜಿಲ್ಲೆಗೆ ಸೇರಿದ ಕಂಧಾರದ ಬಳಿ ಯುದ್ಧ ನಡೆಯಿತು. ಆ ಪುಟ್ಟ ಅರಸನನ್ನೂ ರಣರಂಗಕ್ಕೆ ಒಯ್ದಿದ್ದರು. ಆನೆಯೊಂದು ಗಾಯಗೊಂಡು ತಿರುಗಿಬಿದ್ದಾಗ ಸೈನ್ಯ ಚದುರಿತು. ಬಾಲಕನನ್ನು ಹೇಗೋ ರಣರಂಗದಿಂದ ಪಾರು ಮಾಡಿ ಬೀದರಿಗೆ ಕರೆತಂದರು. ತಾಯಿ ಕೋಟೆಯ ಕಾವಲನ್ನು ಮಲ್ಲು ಖಾನನಿಗೆ ಒಪ್ಪಿಸಿ, ಕುಟುಂಬವನ್ನು ಕರೆದುಕೊಂಡು ಭೀಮಾ ನದಿಯ ದಡದ ಫಿರೋಜಾಬಾದಿಗೆ ಹೊರಟಳು. ಗುಜರಾತಿನ ಸುಲ್ತಾನ ನೆರವಿಗೆ ಬಂದ ಮೇಲೆಯೇ ಶತ್ರು ಹಿಂದೆ ಸರಿದದ್ದು.

ಎಲ್ಲವೂ ಸರಿಹೋಯಿತು ಎನ್ನುವಷ್ಟರಲ್ಲಿ ದೊಡ್ಡ ಪೆಟ್ಟು ಬಿತ್ತು. 1463ರ ಜುಲೈಯಲ್ಲಿ, ಮದುವೆಯ ಸಂಭ್ರಮದ ರಾತ್ರಿಯೇ ನಿಜಾಮ್ ಶಾ ಹಠಾತ್ತನೆ ತೀರಿಕೊಂಡ. ಹತ್ತು ವರ್ಷದ ಮಗ! ಆ ತಾಯಿಗೆ ಅಳುವುದಕ್ಕೂ ಬಿಡುವಿರಲಿಲ್ಲ. ಇನ್ನೊಬ್ಬ ಮಗ ಮುಹಮ್ಮದ್‌ನನ್ನು ಅದೇ ಸಿಂಹಾಸನದ ಮೇಲೆ ಕೂರಿಸಬೇಕಾಯಿತು. ಅವನಿಗೂ ಆಗ ಒಂಬತ್ತು ಹತ್ತರ ವಯಸ್ಸು.

ಈ ಬಾರಿ ತಾಯಿ ಮಗನ ಓದಿಗೆ ಹೆಚ್ಚಿನ ಗಮನ ಕೊಟ್ಟಳು. ಶೂಸ್ತರ್ ಮೂಲದ ವಿದ್ವಾಂಸರೊಬ್ಬರನ್ನು ಗುರುಗಳಾಗಿ ನೇಮಿಸಲಾಯಿತು. ಬಹಮನಿ ಸುಲ್ತಾನರಲ್ಲಿ ಫಿರೋಜ್ ಶಾನನ್ನು ಬಿಟ್ಟರೆ ಇವನಷ್ಟು ಓದಿಕೊಂಡವನು ಬೇರೊಬ್ಬನಿಲ್ಲ ಎಂದು ಇತಿಹಾಸಕಾರರು ಬರೆದಿದ್ದಾರೆ.

ಆದರೆ ಮಕ್ಕಳು ಪುಸ್ತಕದಿಂದ ಮಾತ್ರ ಕಲಿಯುವುದಿಲ್ಲ. ಖ್ವಾಜಾ ಜಹಾನ್ ಬರಬರುತ್ತಾ ಅಧಿಕಾರವನ್ನೆಲ್ಲ ತನ್ನ ಕೈಗೆ ತೆಗೆದುಕೊಂಡು, ಮಹಮೂದ್ ಗವಾನನನ್ನು ಗಡಿಯ ಕೆಲಸಕ್ಕೆ ದೂರ ಕಳುಹಿಸಿದ್ದ. ರಾಣಿಗೆ ಅವನ ಮೇಲಿನ ನಂಬಿಕೆ ಹೋಯಿತು. 1466ರ ಸುಮಾರಿಗೆ, ತುಂಬಿದ ದರ್ಬಾರಿನಲ್ಲಿ, ತಾಯಿಯ ನಿರ್ಧಾರದಂತೆ ಬಾಲಕ ಮುಹಮ್ಮದನೇ ಆಜ್ಞೆ ಕೊಟ್ಟ. ಅವನ ಕಣ್ಣೆದುರೇ ಮಂತ್ರಿಯ ಹತ್ಯೆಯಾಯಿತು. ವಿಚಾರಣೆಯೂ ಇಲ್ಲ, ಸಾಕ್ಷಿಯೂ ಇಲ್ಲ. ರಾಜ್ಯ ಉಳಿಸಲು ಅದು ಅನಿವಾರ್ಯವಾಗಿತ್ತು ಎಂದು ವಾದಿಸಬಹುದು. ಆದರೆ ಆ ಹುಡುಗ ಅಂದು ಏನನ್ನು ಕಲಿತ ಎಂಬ ಪ್ರಶ್ನೆ ನಮ್ಮನ್ನು ಬಿಡುವುದಿಲ್ಲ.

ಅದಾದ ಮೇಲೆ ಮಗನಿಗೆ ಹದಿನಾಲ್ಕರ ಆಸುಪಾಸಿನಲ್ಲಿ ಮದುವೆ ಮಾಡಿಸಿ, ರಾಣಿ ತಾನಾಗಿಯೇ ಅಧಿಕಾರ ಬಿಟ್ಟುಕೊಟ್ಟು ಪ್ರಾರ್ಥನೆಯ ಜೀವನಕ್ಕೆ ಸರಿದಳು. ಇದು ಸಣ್ಣ ವಿಷಯವಲ್ಲ. ಮಕ್ಕಳು ಬೆಳೆದ ಮೇಲೂ ಮನೆಯ ಬೀಗದ ಕೈ ಬಿಟ್ಟುಕೊಡಲು ನಮಗೆ ಎಷ್ಟು ಕಷ್ಟವಾಗುತ್ತದೆ! ಮಗನೂ ತಾಯಿಯನ್ನು ಮರೆಯಲಿಲ್ಲ. ದಿನವೂ ಆಕೆಯ ಬಳಿಗೆ ಬಂದು ಗೌರವ ಸಲ್ಲಿಸುತ್ತಿದ್ದ, ದೊಡ್ಡ ವಿಷಯಗಳಲ್ಲಿ ಆಕೆಯ ಸಲಹೆ ಕೇಳುತ್ತಿದ್ದ.

ಮಹಮೂದ್ ಗವಾನ್ ಈಗ ಪ್ರಧಾನ ಮಂತ್ರಿ. ಅವನು 1472ರಲ್ಲಿ ಗೋವೆಯನ್ನು ಗೆದ್ದು ಹಿಂದಿರುಗಿದಾಗ ಸುಲ್ತಾನ ಅವನ ಮನೆಗೇ ಹೋಗಿ ಒಂದು ವಾರ ತಂಗಿದ. ರಾಜಮಾತೆ ಅವನನ್ನು ಅಣ್ಣನೆಂದು ಕರೆದು ಗೌರವಿಸಿದಳು. ಬೀದರಿನಲ್ಲಿ ಇಂದಿಗೂ ನಾವು ನೋಡುವ ಪ್ರಸಿದ್ಧ ಮದರಸಾ ಈ ಗವಾನ್ ಕಟ್ಟಿಸಿದ್ದು.

ಮರುವರ್ಷದ ಸುಮಾರಿಗೆ ಬೆಳಗಾವಿ ಕೋಟೆಯ ಮುತ್ತಿಗೆಯ ವೇಳೆ ತಾಯಿಯೂ ಮಗನೊಂದಿಗೆ ಹೋಗಿದ್ದಳು. ಅಲ್ಲೇ ಬಿಡಾರದಲ್ಲಿ ಆಕೆ ಕೊನೆಯುಸಿರೆಳೆದಳು. ಪಾರ್ಥಿವ ಶರೀರವನ್ನು ಬೀದರಿಗೆ ಕಳುಹಿಸಲಾಯಿತು.

ತಾಯಿಯಿಲ್ಲದ ಮುಹಮ್ಮದ್ ನಿಧಾನವಾಗಿ ಕುಡಿತಕ್ಕೆ ಬಿದ್ದ. ಗವಾನನ ಶತ್ರುಗಳು ಅವನ ಮೊಹರನ್ನು ಮೋಸದಿಂದ ಒತ್ತಿಸಿ, ಒಡಿಶಾದ ಅರಸನಿಗೆ ಬರೆದಂತೆ ಒಂದು ಸುಳ್ಳು ಪತ್ರ ಸೃಷ್ಟಿಸಿದರು. ಸುಲ್ತಾನ ವಿಚಾರಿಸಲಿಲ್ಲ. 1481ರ ಏಪ್ರಿಲ್ 5ರಂದು, ಎಪ್ಪತ್ತು ದಾಟಿದ ಆ ನಿಷ್ಠಾವಂತನನ್ನು ಕೊಲ್ಲಿಸಿದ. ಪತ್ರ ಸುಳ್ಳೆಂದು ಆಮೇಲೆ ತಿಳಿಯಿತು. ಪಶ್ಚಾತ್ತಾಪದಿಂದ ನರಳುತ್ತಾ, ಒಂದು ವರ್ಷ ತುಂಬುವ ಮೊದಲೇ, 1482ರ ಮಾರ್ಚ್‌ನಲ್ಲಿ ಅವನೂ ತೀರಿಕೊಂಡ. ಬಹಮನಿ ರಾಜ್ಯ ಮುಂದೆ ಐದು ಚೂರಾಯಿತು.

ಆ ತಾಯಿ ಮಗನಿಗೆ ಓದು ಕೊಟ್ಟಳು, ಶಿಸ್ತು ಕೊಟ್ಟಳು, ಒಳ್ಳೆಯ ಹಿರಿಯರ ಆಸರೆ ಕೊಟ್ಟಳು. ಸಮಯಕ್ಕೆ ಸರಿಯಾಗಿ ಪಕ್ಕಕ್ಕೂ ಸರಿದಳು. ಇವೆಲ್ಲ ನಿಜ. ಜೊತೆಗೆ, ಕೇಳದೆ ವಿಚಾರಿಸದೆ ಒಬ್ಬನ ತಲೆ ತೆಗೆಸಬಹುದು ಎಂಬುದನ್ನೂ ಅವನಿಗೆ ಒಂದು ದಿನ ತೋರಿಸಿಕೊಟ್ಟಳು. ಹದಿನೈದು ವರ್ಷಗಳ ನಂತರ ಅವನು ಅದನ್ನೇ ಮಾಡಿದ. ನಮ್ಮ ಮನೆಗಳಲ್ಲಿ ದರ್ಬಾರು ಇಲ್ಲ, ಕತ್ತಿ ಇಲ್ಲ. ಆದರೆ ಕೆಲಸದವರ ಮೇಲೆ, ನೆರೆಯವರ ಮೇಲೆ, ಒಮ್ಮೊಮ್ಮೆ ಮಕ್ಕಳಲ್ಲೇ ಒಬ್ಬರ ಮೇಲೆ ಪೂರ್ತಿ ಕೇಳಿಸಿಕೊಳ್ಳದೆ ತೀರ್ಪು ಕೊಡುವ ಗಳಿಗೆಗಳು ದಿನಾಲೂ ಬರುತ್ತವೆ. ಪಕ್ಕದಲ್ಲಿ ನಿಂತ ಪುಟ್ಟ ಕಣ್ಣುಗಳು ಅದನ್ನು ನೋಡುತ್ತಿರುತ್ತವೆ.

ಬೀದರಿಗೆ ಹೋದಾಗ ಊರಿನ ಹೊರಗಿನ ಅಷ್ಟೂರಿಗೂ ಹೋಗಿ ಬನ್ನಿ. ಸಿಡಿಲು ಬಡಿದು ಸೀಳಿದ ಹುಮಾಯೂನನ ಗುಮ್ಮಟದ ಆಸುಪಾಸಿನಲ್ಲಿ ಆ ಇಬ್ಬರು ಮಕ್ಕಳ ಗೋರಿಗಳಿವೆ. ತಾಯಿಯದೆಂದು ಹೇಳಲಾಗುವ ಗೋರಿಯೂ ಅಲ್ಲೇ ಇದೆ.