ಸರ್ ಮಿರ್ಜಾ ಇಸ್ಮಾಯಿಲ್: ಕಾಯಿದೆ, ಕಾರ್ಖಾನೆ ಮತ್ತು ನಮ್ಮ ಪೇಟೆ

ಎಂಟನೇ ತರಗತಿಯಲ್ಲಿ ಮೈಸೂರು ಸಂಸ್ಥಾನದ ದಿವಾನರ ಪಾಠ ನಡೆಯುತ್ತಿತ್ತು. ದಿವಾನರ ಹೆಸರು, ಅವರ ಕಾಲ, ಅವರು ಕಟ್ಟಿಸಿದ ಕಾರ್ಖಾನೆಗಳ ಪಟ್ಟಿಯನ್ನು ಕಪ್ಪು ಹಲಗೆಯ ಮೇಲೆ ಬರೆದು ಮುಗಿಸಿದಾಗ ಹಿಂದಿನ ಬೆಂಚಿನ ಒಬ್ಬ ಹುಡುಗ ಎದ್ದು ನಿಂತ. ಅವನ ತಂದೆಗೆ ರಾಬರ್ಟ್‌ಸನ್‌ಪೇಟೆಯ ಮಾರ್ಕೆಟ್ಟಿನಲ್ಲಿ ಚಿಕ್ಕದೊಂದು ಬಟ್ಟೆ ಅಂಗಡಿ ಇದೆ. ಎಲ್ಲೋ ಬೆಂಗಳೂರಿನಲ್ಲಿ, ದೆಹಲಿಯಲ್ಲಿ ಕುಳಿತವರು ಮಾಡುವ ಕಾಯಿದೆಗೂ ಅಬ್ಬಾ ಅವರ ಅಂಗಡಿಯ ಗಲ್ಲಾಪೆಟ್ಟಿಗೆಗೂ ಏನು ಸಂಬಂಧ ಎಂದು ಕೇಳಿದ. ಕಾನೂನು ಎಂದರೆ ಪೊಲೀಸು, ಕೋರ್ಟು ಎಂದಷ್ಟೇ ನಮ್ಮ ಮಕ್ಕಳು ತಿಳಿದಿದ್ದಾರೆ. ಆ ದಿನ ಸರಿಯಾದ ಉತ್ತರ ಕೊಡಲು ನನ್ನಿಂದ ಆಗಲಿಲ್ಲ. ಮನೆಗೆ ಬಂದು ಯೋಚಿಸಿದಾಗ, ಹಲಗೆಯ ಮೇಲೆ ನಾನೇ ಬರೆದಿದ್ದ ಒಂದು ಹೆಸರಿನಲ್ಲಿ ಉತ್ತರ ಇದೆ ಎನ್ನಿಸಿತು. ಅದು ಸರ್ ಮಿರ್ಜಾ ಎಂ. ಇಸ್ಮಾಯಿಲ್ ಅವರ ಹೆಸರು.

ಮಿರ್ಜಾ ಅವರು ಹುಟ್ಟಿದ್ದು 1883ರ ಅಕ್ಟೋಬರ್ 24ರಂದು, ಬೆಂಗಳೂರಿನಲ್ಲಿ. ಅವರದು ವ್ಯಾಪಾರಸ್ಥರ ಮನೆತನ. ತಾತ ಅಲಿ ಅಸ್ಕರ್ ಅವರು ಹತ್ತೊಂಬತ್ತನೇ ಶತಮಾನದ ಆರಂಭದಲ್ಲಿ ಇರಾನಿನ ಶಿರಾಜ್‌ನಿಂದ ಕುದುರೆಗಳನ್ನು ತಂದು ಬೆಂಗಳೂರಿನಲ್ಲಿ ನೆಲೆ ನಿಂತವರು. ದಂಡಿನ ಬ್ರಿಟಿಷ್ ಅಧಿಕಾರಿಗಳೂ ಮೈಸೂರಿನ ಅರಮನೆಯೂ ಅವರ ಗಿರಾಕಿಗಳು. ಬೆಂಗಳೂರಿನ ಅಲಿ ಅಸ್ಕರ್ ರಸ್ತೆಗೆ ಅವರದೇ ಹೆಸರು. ಸರ್ಕಾರ ಕೊಳ್ಳುವವರೆಗೆ ಮಾತ್ರ ಕುದುರೆ ವ್ಯಾಪಾರ ನಡೆಯುತ್ತದೆ ಎಂಬುದು ಆ ಮನೆಯಲ್ಲಿ ಎಲ್ಲರಿಗೂ ಗೊತ್ತಿದ್ದ ಸಂಗತಿಯೇ ಇದ್ದೀತು ಎಂಬುದು ನನ್ನ ಊಹೆ.

ಬಾಲಕ ಮಿರ್ಜಾರ ಅದೃಷ್ಟವೆಂದರೆ ಅವರು ಮುಂದೆ ನಾಲ್ವಡಿ ಕೃಷ್ಣರಾಜ ಒಡೆಯರಾದ ಯುವರಾಜರ ಸಹಪಾಠಿಯಾದದ್ದು. ಸ್ಟುವರ್ಟ್ ಫ್ರೇಸರ್ ಎಂಬ ಅಧಿಕಾರಿ ಇಬ್ಬರಿಗೂ ಗುರು. ಆನಂತರ ಸೆಂಟ್ರಲ್ ಕಾಲೇಜಿನಲ್ಲಿ ಪದವಿ, ಸ್ವಲ್ಪ ಕಾಲ ಪೊಲೀಸ್ ಇಲಾಖೆ, ಬಳಿಕ ಮಹಾರಾಜರ ಕಚೇರಿ, ಕೊನೆಗೆ ಅವರ ಖಾಸಗಿ ಕಾರ್ಯದರ್ಶಿ ಪದವಿ. 1926ರಲ್ಲಿ ದಿವಾನರಾದಾಗ ಅವರಿಗೆ ನಲವತ್ತಮೂರು ವರ್ಷವೂ ತುಂಬಿರಲಿಲ್ಲ.

ಆಗಿನ ಮೈಸೂರು ಸರ್ಕಾರದ ಕೈಯಲ್ಲಿ ಏನಿತ್ತು, ಏನಿರಲಿಲ್ಲ ಎಂಬುದನ್ನು ವಿದ್ಯಾರ್ಥಿಗಳು ಮೊದಲು ತಿಳಿಯಬೇಕು. ಸಂಸ್ಥಾನ ತನ್ನೊಳಗಿನ ಕಾಯಿದೆಗಳನ್ನು ತಾನೇ ಮಾಡಬಹುದಿತ್ತು. ಆದರೆ ಬಂದರಿನಲ್ಲಿ ಇಳಿಯುವ ವಿದೇಶಿ ಸರಕಿನ ಮೇಲೆ ಸುಂಕ ಹಾಕುವ ಅಧಿಕಾರ ಭಾರತ ಸರ್ಕಾರದ್ದು. ಮೈಸೂರಿಗೆ ಬಂದರೇ ಇರಲಿಲ್ಲ. ಇದರ ಮೇಲೆ ಪ್ರತಿ ವರ್ಷ ಬ್ರಿಟಿಷರಿಗೆ 35 ಲಕ್ಷ ರೂಪಾಯಿ ಪೊಗದಿ ಸಲ್ಲಬೇಕಿತ್ತು. ಮಿರ್ಜಾ ದಿವಾನರಾದ ಮರುವರ್ಷ, 1927ರಲ್ಲಿ, ವೈಸ್‌ರಾಯ್ ಇರ್ವಿನ್ ಅವರು ಇದರಲ್ಲಿ ಹತ್ತೂವರೆ ಲಕ್ಷವನ್ನು ಕಡಿಮೆ ಮಾಡಿದರು. ಇನ್ನು ವರಮಾನದ ಕಡೆ ನೋಡಿದರೆ, ನಮ್ಮ ಊರಿನ ಚಿನ್ನದ ಗಣಿಗಳು ಕೊಡುತ್ತಿದ್ದ ರಾಜಧನ ಖಜಾನೆಯ ದೊಡ್ಡ ಆಧಾರಗಳಲ್ಲಿ ಒಂದು. ಚಾಂಪಿಯನ್ ರೀಫ್‌ನಲ್ಲಿ, ನಂದಿದುರ್ಗದಲ್ಲಿ ಸುರಂಗಕ್ಕೆ ಇಳಿದ ನಮ್ಮ ತಾತಂದಿರ ಬೆವರು ಮಂಡ್ಯದ, ಭದ್ರಾವತಿಯ ಗೋಡೆಗಳಲ್ಲಿ ಸೇರಿದೆ ಎಂದರೆ ಅತಿಶಯವಲ್ಲ. ಪಠ್ಯಪುಸ್ತಕಗಳು ಇದನ್ನು ಹೇಳುವುದಿಲ್ಲ.

1929ರಿಂದ ಜಗತ್ತಿನಾದ್ಯಂತ ಆರ್ಥಿಕ ಕುಸಿತ. ಧಾನ್ಯದ ಬೆಲೆ ಬಿತ್ತು, ರೈತ ಸಾಲಗಾರನಾದ, ರೈತ ಕೊಳ್ಳದಿದ್ದರೆ ಪೇಟೆಯವನೂ ಮಾರಲಾರ. ಆ ಹೊತ್ತಿನಲ್ಲಿ ಮಿರ್ಜಾ ಅವರು ಮಾಡಿದ ಕೆಲಸಕ್ಕೆ ಮಂಡ್ಯದ ಸಕ್ಕರೆ ಕಾರ್ಖಾನೆಯೇ ಉತ್ತಮ ಉದಾಹರಣೆ.

ಕನ್ನಂಬಾಡಿ ಕಟ್ಟೆಯ ನೀರನ್ನು ಹರಿಸಲು ತೋಡಿದ ಇರ್ವಿನ್ ನಾಲೆ 1932ರ ಹೊತ್ತಿಗೆ ಸಿದ್ಧವಾಗಿತ್ತು. ಇಂದು ಅದು ವಿಶ್ವೇಶ್ವರಯ್ಯ ನಾಲೆ. ರಾಗಿ, ಹುರುಳಿ ಬೆಳೆಯುತ್ತಿದ್ದ ಬೆದ್ದಲಿಗೆ ನೀರೇನೋ ಬಂತು. ಆದರೆ ಬೆಲೆ ಬಿದ್ದ ಕಾಲದಲ್ಲಿ ಯಾವ ಬೆಳೆ ಬೆಳೆದು ನಾಲೆಯ ಖರ್ಚು ತೀರಿಸುವುದು? ಕೃಷಿ ಇಲಾಖೆಯ ನಿರ್ದೇಶಕರಾಗಿದ್ದ ಕೆನಡಾ ಮೂಲದ ಲೆಸ್ಲಿ ಕೋಲ್ಮನ್ ಅವರು ಕಬ್ಬಿನ ಪರ ಇದ್ದರು. ಆದರೆ ಜಾವಾ ದ್ವೀಪದಿಂದ ಬರುತ್ತಿದ್ದ ಸಕ್ಕರೆ ಬಹಳ ಅಗ್ಗ. ಅದರ ಎದುರು ಇಲ್ಲಿನ ಸಕ್ಕರೆ ನಿಲ್ಲುವಂತಿರಲಿಲ್ಲ.

ಸರಿಯಾಗಿ ಅದೇ 1932ರಲ್ಲಿ ಭಾರತ ಸರ್ಕಾರ ಸಕ್ಕರೆ ಉದ್ಯಮ ರಕ್ಷಣಾ ಕಾಯಿದೆಯನ್ನು ತಂದು ವಿದೇಶಿ ಸಕ್ಕರೆಯ ಮೇಲೆ ಭಾರೀ ಸುಂಕ ಹಾಕಿತು. ಕಾಯಿದೆಯ ಒಂದೇ ಏಟಿಗೆ ಲೆಕ್ಕ ತಲೆಕೆಳಗಾಯಿತು. ಅಲ್ಲಿಯವರೆಗೆ ಮೂವತ್ತರ ಆಸುಪಾಸಿನಲ್ಲಿದ್ದ ದೇಶದ ಸಕ್ಕರೆ ಕಾರ್ಖಾನೆಗಳ ಸಂಖ್ಯೆ ಕೆಲವೇ ವರ್ಷಗಳಲ್ಲಿ ನೂರನ್ನು ದಾಟಿತು. ಮಿರ್ಜಾ ತಡ ಮಾಡಲಿಲ್ಲ. 1933ರ ಜನವರಿಯಲ್ಲಿ ಮೈಸೂರು ಸಕ್ಕರೆ ಕಂಪನಿ ಸ್ಥಾಪನೆಯಾಯಿತು. ಸರ್ಕಾರ ಬಂಡವಾಳ ಹಾಕಿತು, ಕಬ್ಬು ಬೆಳೆಯುವ ರೈತರಿಗೂ ಷೇರು ಸಿಕ್ಕಿತು. 1934ರಲ್ಲಿ ಭಾರತ ಸರ್ಕಾರ ಕಾರ್ಖಾನೆಯ ಸಕ್ಕರೆಯ ಮೇಲೆ ಅಬಕಾರಿ ಸುಂಕ ವಿಧಿಸಿದಾಗ, ತಡವಾಗಿ ಬಂದವರಿಗೆ ಲಾಭದ ಬಾಗಿಲು ಅರ್ಧ ಮುಚ್ಚಿಹೋಗಿತ್ತು. ಮಂಡ್ಯ ಆಗಲೇ ಒಳಗೆ ಕಾಲಿಟ್ಟಿತ್ತು. ಕಾರ್ಖಾನೆಯ ಹಿಂದೆಯೇ ಗಾಡಿಯವರು, ಕಮ್ಮಾರರು, ಹೋಟೆಲಿನವರು, ಬಟ್ಟೆ ಅಂಗಡಿಯವರು ಬಂದರು. 1939ರಲ್ಲಿ ಮಂಡ್ಯ ಪ್ರತ್ಯೇಕ ಜಿಲ್ಲೆಯೇ ಆಯಿತು. ಒಂದು ಸುಂಕದ ಕಾಯಿದೆ, ಒಂದು ನಾಲೆ, ಸಮಯ ನೋಡಿ ನಡೆದ ಒಬ್ಬ ದಿವಾನರು: ಒಂದು ಊರು ಬೆಳೆಯಲು ಇಷ್ಟು ಕೂಡಿ ಬರಬೇಕಾಯಿತು.

ಭದ್ರಾವತಿಯಲ್ಲಿ ಉಕ್ಕು, ಸಿಮೆಂಟು, 1936ರಲ್ಲಿ ಆರಂಭವಾದ ಕಾಗದದ ಕಂಪನಿ, ಬೆಂಗಳೂರಿನಲ್ಲಿ ಪಿಂಗಾಣಿ ಮತ್ತು ವಿದ್ಯುತ್ ಬಲ್ಬಿನ ಕಾರ್ಖಾನೆ, ಬೆಳಗೊಳದಲ್ಲಿ ರಸಗೊಬ್ಬರ ಹೀಗೆ ಪಟ್ಟಿ ಉದ್ದವಿದೆ. ಪಟ್ಟಿಯನ್ನು ಬಾಯಿಪಾಠ ಮಾಡುವುದಕ್ಕಿಂತ ಅದರ ವಿಧಾನ ಗಮನಿಸುವುದು ಒಳ್ಳೆಯದು. ಅನೇಕ ಕಡೆ ಮಿರ್ಜಾ ಅವರು ಕಾರ್ಖಾನೆಯನ್ನು ಸರ್ಕಾರಿ ಇಲಾಖೆಯಾಗಿ ನಡೆಸದೆ ಷೇರು ಕಂಪನಿಯನ್ನಾಗಿ ಮಾಡಿದರು. ಸರ್ಕಾರ ಒಂದು ಪಾಲು ಹಾಕಿದರೆ ಉಳಿದವರಿಗೆ ಧೈರ್ಯ ಬರುತ್ತದೆ. ಮನೆಯಲ್ಲಿ ಬೆಳ್ಳಿ, ಚಿನ್ನ ಕೂಡಿಟ್ಟುಕೊಂಡಿದ್ದ ಮಧ್ಯಮ ವರ್ಗದವರು ಹೀಗೆ ಉದ್ಯಮಕ್ಕೆ ಹಣ ಹಾಕುವುದನ್ನು ಕಲಿತರು.

ರೇಷ್ಮೆಯ ವಿಷಯ ನಮ್ಮ ಜನಕ್ಕೆ ಇನ್ನೂ ಹತ್ತಿರ. ಕೋಲಾರ, ಶಿಡ್ಲಘಟ್ಟ, ರಾಮನಗರ, ಚನ್ನಪಟ್ಟಣಗಳಲ್ಲಿ ಗೂಡಿನಿಂದ ನೂಲು ತೆಗೆಯುವ ಕಸುಬಿನಲ್ಲಿ ಮುಸ್ಲಿಂ ಕುಟುಂಬಗಳೇ ಬಹಳ. ಮೂವತ್ತರ ದಶಕದಲ್ಲಿ ಚೀನಾ, ಜಪಾನುಗಳ ಅಗ್ಗದ ರೇಷ್ಮೆ ಬಂದು ಇಲ್ಲಿನ ಗೂಡು, ನೂಲು ಎರಡನ್ನೂ ಕೇಳುವವರಿಲ್ಲದಂತಾಯಿತು. ಸುಂಕ ಮಂಡಳಿಯ ವಿಚಾರಣೆಯ ನಂತರ 1934ರಲ್ಲಿ ಭಾರತ ಸರ್ಕಾರ ವಿದೇಶಿ ರೇಷ್ಮೆಯ ಮೇಲಿನ ಸುಂಕವನ್ನು ಏರಿಸಿತು. ಚನ್ನಪಟ್ಟಣದಲ್ಲಿ 1936ರಲ್ಲಿ ಸ್ಥಾಪನೆಯಾದ ಮಿಲ್ಲು, ನೂಲು ತೆಗೆದ ಮೇಲೆ ಉಳಿಯುವ ತ್ಯಾಜ್ಯ ರೇಷ್ಮೆಯಿಂದ ದಾರ ತೆಗೆಯತೊಡಗಿತು. ಕಸವೆಂದು ಮೂಲೆಗೆ ಹಾಕುತ್ತಿದ್ದುದಕ್ಕೂ ಬೆಲೆ ಬಂತು. ಮುಂದೆ 1959ರ ರಾಜ್ಯ ಕಾಯಿದೆ ಗೂಡಿನ ವ್ಯಾಪಾರವನ್ನು ಸರ್ಕಾರಿ ಮಾರುಕಟ್ಟೆಯೊಳಗೆ ತಂದು, ನೂಲು ತೆಗೆಯುವವರಿಗೆ ಪರವಾನಗಿ ಕಡ್ಡಾಯ ಮಾಡಿತು. ಅದರ ಒಳಿತು ಕೆಡುಕನ್ನು ಇಂದಿಗೂ ಶಿಡ್ಲಘಟ್ಟದ ಮಾರುಕಟ್ಟೆಯಲ್ಲಿ ಬೆಳಿಗ್ಗೆ ಹೋಗಿ ನಿಂತರೆ ಕೇಳಬಹುದು.

ಎಲ್ಲ ಬಾಗಿಲುಗಳೂ ಮಿರ್ಜಾ ಅವರಿಗೆ ತೆರೆಯಲಿಲ್ಲ. ಸರ್ ಎಂ. ವಿಶ್ವೇಶ್ವರಯ್ಯನವರು ಬೆಂಗಳೂರಿನಲ್ಲಿ ಮೋಟಾರು ಕಾರಿನ ಕಾರ್ಖಾನೆ ಆಗಬೇಕೆಂದು ಯೋಜನೆ ಮಾಡಿದ್ದರು. ಉದ್ಯಮಿ ವಾಲ್‌ಚಂದ್ ಹೀರಾಚಂದ್ ಮುಂದೆ ಬಂದಿದ್ದರು. ಮೈಸೂರು ಸರ್ಕಾರವೂ ನೆರವಿಗೆ ಸಿದ್ಧವಿತ್ತು. ಭಾರತ ಸರ್ಕಾರದ ಒಪ್ಪಿಗೆ ಮಾತ್ರ ಸಿಗಲಿಲ್ಲ. ಕಾರ್ಖಾನೆ ಕೊನೆಗೆ 1944ರಲ್ಲಿ ಬೊಂಬಾಯಿಯ ಪಾಲಾಯಿತು. ಆದರೆ ಅದೇ ವಾಲ್‌ಚಂದರು ವಿಮಾನ ಕಾರ್ಖಾನೆಗೆ ಜಾಗ ಹುಡುಕುವಾಗ ಮಿರ್ಜಾ ಅವರು ಬೆಂಗಳೂರಿನಲ್ಲಿ ಭೂಮಿ, ನೀರು, ವಿದ್ಯುತ್ತು ಒದಗಿಸಿ, ಸರ್ಕಾರದಿಂದ 25 ಲಕ್ಷ ರೂಪಾಯಿ ಷೇರನ್ನೂ ಹಾಕಿಸಿದರು. 1940ರ ಡಿಸೆಂಬರಿನಲ್ಲಿ ಹಿಂದುಸ್ತಾನ್ ಏರ್‌ಕ್ರಾಫ್ಟ್ ಆರಂಭವಾಯಿತು. ಯುದ್ಧ ನಡೆಯುತ್ತಿದ್ದುದರಿಂದ ವಿಮಾನ ಬ್ರಿಟಿಷರಿಗೂ ಬೇಕಿತ್ತು, ಕಾರು ಬೇಕಿರಲಿಲ್ಲ. ಇದೇ ವ್ಯತ್ಯಾಸ.

ಇಷ್ಟು ಹೊಗಳಿದ ಮೇಲೆ ನಮ್ಮ ಊರಿನವನಾಗಿ ಇನ್ನೊಂದು ಮಾತನ್ನು ಬರೆಯದಿದ್ದರೆ ತಪ್ಪಾಗುತ್ತದೆ. ಅವರ ಕಾಲದಲ್ಲಿ ಸಂಸ್ಥಾನ 1928ರಲ್ಲಿ ಕಾರ್ಮಿಕರ ಪರಿಹಾರದ ಕಾಯಿದೆ, 1936ರಲ್ಲಿ ಕಾರ್ಖಾನೆಗಳ ಕಾಯಿದೆ, 1937ರಲ್ಲಿ ಹೆರಿಗೆ ಸೌಲಭ್ಯದ ಕಾಯಿದೆ ಮಾಡಿತು. ಆದರೆ ಕೂಲಿಕಾರರು ತಾವೇ ಸಂಘ ಕಟ್ಟಿ ಮಾಲೀಕರೆದುರು ಕುಳಿತು ಮಾತಾಡುವ ಹಕ್ಕನ್ನು ಅವು ಕೊಡಲಿಲ್ಲ. 1930ರಲ್ಲಿ ಬೆರಳಚ್ಚು ಕೊಟ್ಟು ಹೆಸರು ನೋಂದಾಯಿಸಬೇಕೆಂಬ ನಿಯಮ ಬಂದಾಗ ನಮ್ಮ ಗಣಿಗಳ ಸಾವಿರಾರು ಕಾರ್ಮಿಕರು ಕೆಲಸ ನಿಲ್ಲಿಸಿದರು. ತಮ್ಮನ್ನು ಕಳ್ಳರಂತೆ ಕಾಣುತ್ತಿದ್ದಾರೆಂಬ ನೋವು ಅದು. ಗಣಿ ನಿಂತರೆ ಪೇಟೆಯೂ ನಿಲ್ಲುತ್ತದೆ ಎಂದು ರಾಬರ್ಟ್‌ಸನ್‌ಪೇಟೆಗೆ ಆಗಲೇ ಗೊತ್ತಿತ್ತು. ಕಾರ್ಮಿಕ ಸಂಘಗಳಿಗೆ ಸ್ಥಾನ ಕೊಟ್ಟ ಮೈಸೂರು ಕಾರ್ಮಿಕ ಕಾಯಿದೆ ಬಂದದ್ದು 1942ರಲ್ಲಿ, ಮಿರ್ಜಾ ಅವರು ಹೊರಟುಹೋದ ಮೇಲೆ. ಜವಾಬ್ದಾರಿ ಸರ್ಕಾರ ಬೇಕೆಂದ ಕಾಂಗ್ರೆಸ್ಸಿಗರ ಬೇಡಿಕೆಯನ್ನೂ ಅವರು ಸುಲಭವಾಗಿ ಒಪ್ಪಲಿಲ್ಲ. 1938ರ ಏಪ್ರಿಲ್ 25ರಂದು ಅಂದಿನ ನಮ್ಮ ಕೋಲಾರ ಜಿಲ್ಲೆಯ ವಿದುರಾಶ್ವತ್ಥದಲ್ಲಿ ಪೊಲೀಸರ ಗುಂಡಿಗೆ ಜನ ಸತ್ತರು. ಆಮೇಲೆ ಸರ್ದಾರ್ ಪಟೇಲರೊಡನೆ ಮಾತುಕತೆಯಾಗಿ ರಾಜಿ ಆಯಿತು. ಕಾರ್ಖಾನೆಗೆ ಜನರ ಷೇರು ಕೇಳಿದ ದಿವಾನರು, ಕಾಯಿದೆ ಮಾಡುವಲ್ಲಿ ಜನರಿಗೆ ಅಷ್ಟೇ ಪಾಲು ಕೊಡಲಿಲ್ಲ. ಅವರನ್ನು ನಾನು ಗೌರವಿಸುತ್ತೇನೆ, ಆದರೂ ಈ ಕೊರತೆಯನ್ನು ಮುಚ್ಚಿಡಲಾರೆ.

1940ರ ಆಗಸ್ಟಿನಲ್ಲಿ ನಾಲ್ವಡಿಯವರು ತೀರಿಕೊಂಡರು. ಬಾಲ್ಯದ ಗೆಳೆಯನನ್ನೂ ಆಸರೆಯನ್ನೂ ಕಳೆದುಕೊಂಡ ಮಿರ್ಜಾ 1941ರಲ್ಲಿ ರಾಜೀನಾಮೆ ಕೊಟ್ಟರು. ಆನಂತರ ಜೈಪುರದ ಪ್ರಧಾನ ಮಂತ್ರಿಯಾಗಿ ಆ ನಗರವನ್ನು ಅಂದಗೊಳಿಸಿದರು, ಅಲ್ಲಿನ ದೊಡ್ಡ ರಸ್ತೆಗೆ ಇಂದಿಗೂ ಅವರ ಹೆಸರಿದೆ. 1946ರಲ್ಲಿ ಹೈದರಾಬಾದಿಗೆ ಹೋದರೂ ಒಂದು ವರ್ಷ ತುಂಬುವ ಮೊದಲೇ ಅಲ್ಲಿಂದ ಹೊರಬಂದರು. 1954ರಲ್ಲಿ ತಮ್ಮ ಸಾರ್ವಜನಿಕ ಜೀವನದ ಕಥೆಯನ್ನು ಇಂಗ್ಲಿಷಿನಲ್ಲಿ ಪ್ರಕಟಿಸಿದರು. 1959ರ ಜನವರಿ 5ರಂದು ಬೆಂಗಳೂರಿನಲ್ಲಿ ನಿಧನರಾದರು.

ಅವರು ಬದುಕಿರುವಾಗಲೇ, 1956ರಲ್ಲಿ, ಮೈಸೂರು ಶಾಸನಸಭೆ ಕೋಲಾರ ಚಿನ್ನದ ಗಣಿಗಳನ್ನು ಸರ್ಕಾರ ವಶಪಡಿಸಿಕೊಳ್ಳುವ ಕಾಯಿದೆ ಮಾಡಿತು. ಜಾನ್ ಟೇಲರ್ ಕಂಪನಿಯ ಕಾಲ ಮುಗಿಯಿತು. 1962ರಲ್ಲಿ ಗಣಿಗಳು ಕೇಂದ್ರ ಸರ್ಕಾರಕ್ಕೆ ಹೋದವು. ತೆಗೆದ ಚಿನ್ನವನ್ನು ಪೇಟೆಯ ದರಕ್ಕೆ ಮಾರುವಂತಿರಲಿಲ್ಲ. ಅದಕ್ಕಿಂತ ಬಹಳ ಕಡಿಮೆಯಿದ್ದ ಅಂತಾರಾಷ್ಟ್ರೀಯ ದರಕ್ಕೆ ಸರ್ಕಾರಕ್ಕೇ ಒಪ್ಪಿಸಬೇಕಿತ್ತು. ಆಳಕ್ಕೆ ಹೋದಷ್ಟೂ ಖರ್ಚು ಏರಿತು, ಅದಿರಿನಲ್ಲಿ ಚಿನ್ನ ಕಡಿಮೆಯಾಯಿತು, ನಷ್ಟದ ಲೆಕ್ಕ ಬೆಳೆಯಿತು. 2001ರ ಫೆಬ್ರವರಿ 28ರಂದು ಗಣಿಗಳು ಮುಚ್ಚಿದವು. ಮಿರ್ಜಾ ಕಾಲದ ಭದ್ರಾವತಿಯ ಕಾಗದ ಕಾರ್ಖಾನೆ, ಬೆಂಗಳೂರಿನ ಬಲ್ಬಿನ ಕಾರ್ಖಾನೆಗಳೂ ಆಮೇಲೆ ನಿಂತುಹೋದವು.

ಮಾರನೆಯ ವಾರ ಇದನ್ನೆಲ್ಲ ತರಗತಿಯಲ್ಲಿ ಹೇಳಿದೆ. ಆ ಹುಡುಗ ಮನೆಯಲ್ಲಿ ವಿಚಾರಿಸಿ ಬಂದಿದ್ದ. ಅವನ ದಾದಾ ಅವರ ಕಾಲದಲ್ಲಿ ಗಣಿಯ ಸಂಬಳದ ದಿನ ಸಂಜೆ ಅಂಗಡಿಯಲ್ಲಿ ಕಾಲಿಡಲು ಜಾಗ ಇರುತ್ತಿರಲಿಲ್ಲವಂತೆ, ಸಾಲದ ಪುಸ್ತಕದಲ್ಲಿ ಅರ್ಧದಷ್ಟು ಹೆಸರು ಆ ಒಂದೇ ದಿನ ಹೊಡೆದುಹೋಗುತ್ತಿದ್ದವಂತೆ. ಈಗ ಅವನ ತಂದೆ ಅಂಗಡಿಯನ್ನು ರಾತ್ರಿ ತಡವಾಗಿ ಮುಚ್ಚುತ್ತಾರೆ. ಗಿರಾಕಿಗಳು ಬೆಂಗಳೂರಿನ ಕೆಲಸ ಮುಗಿಸಿ ಮಾರಿಕುಪ್ಪಂ ರೈಲಿನಲ್ಲಿ ಬಂದು ಇಳಿಯುವವರೆಗೆ ಕಾಯಬೇಕು.