ದೂರದ ಗೋಷ್ಠಿಗೆ ಮೈಸೂರಿನ ಜಾಮೀನು

ನವೆಂಬರ್ ಒಂದು ಬಂದಾಗಲೆಲ್ಲ 1956ರ ಆ ಶುಭದಿನವನ್ನು ಸ್ಮರಿಸುತ್ತೇವೆ. ಅಂದು ಒಂದುಗೂಡಿದ ರಾಜ್ಯಕ್ಕೆ ಪ್ರಥಮ ರಾಜ್ಯಪಾಲರಾದವರು ಮೈಸೂರಿನ ಶ್ರೀ ಜಯಚಾಮರಾಜ ಒಡೆಯರು. ವಂಶಪಾರಂಪರ್ಯವಾಗಿ ಬಂದ ಸಿಂಹಾಸನವನ್ನು ಬಿಟ್ಟುಕೊಟ್ಟು ಜನತಂತ್ರದ ಪದವಿಯನ್ನು ಸ್ವೀಕರಿಸಿದ ಅರಸರೆಂದು ಅವರನ್ನು ಎಲ್ಲರೂ ಬಲ್ಲರು. ಸಂಗೀತಪ್ರಿಯರು ಅವರ 94 ಕೃತಿಗಳನ್ನೂ ಬಲ್ಲರು. ಆದರೆ ಎರಡನೆಯ ಮಹಾಯುದ್ಧ ಮುಗಿದ ಹೊಸದರಲ್ಲಿ, ಯುರೋಪಿನ ಸಂಗೀತ ಮತ್ತೆ ಎದ್ದು ನಿಲ್ಲುತ್ತಿದ್ದಾಗ, ಲಂಡನ್ನಿನ ಒಂದು ದೊಡ್ಡ ವಾದ್ಯವೃಂದದ ಬೆನ್ನಿಗೆ ನಿಂತವರೂ ಇವರೇ ಎಂಬುದು ನಮ್ಮಲ್ಲಿ ಅನೇಕರಿಗೆ ತಿಳಿಯದು. ಪುಣೆಯಲ್ಲಿ ನೆಲೆಸಿದ ನಾವು ಕುಂದಗೋಳದ ಸವಾಯಿ ಗಂಧರ್ವರ ಹೆಸರನ್ನೂ ಗದುಗಿನ ಭೀಮಸೇನ ಜೋಶಿಯವರ ಹೆಸರನ್ನೂ ಮರಾಠಿ ನೆರೆಹೊರೆಯವರ ಮುಂದೆ ಹೆಮ್ಮೆಯಿಂದ ಹೇಳಿಕೊಳ್ಳುತ್ತೇವೆ. ಅವುಗಳ ಜೊತೆಗೆ ಹೇಳಿಕೊಳ್ಳಬಹುದಾದ ಕಥೆ ಇದು.

ಜಯಚಾಮರಾಜ ಒಡೆಯರು ಹುಟ್ಟಿದ್ದು 1919ನೆಯ ಇಸವಿ ಜುಲೈ 18ರಂದು. ತಂದೆ ಯುವರಾಜ ಕಂಠೀರವ ನರಸಿಂಹರಾಜ ಒಡೆಯರು. ಬಾಲ್ಯದಲ್ಲಿ ಅವರ ಕೈ ಒಲಿದದ್ದು ಪಿಯಾನೊಕ್ಕೆ. ಅರಮನೆಯಲ್ಲಿ ಕರ್ನಾಟಕ ಸಂಗೀತದ ವಿದ್ವಾಂಸರಿಗೂ ಪಾಶ್ಚಾತ್ಯ ಬ್ಯಾಂಡಿಗೂ ಒಂದೇ ಸಮನಾದ ಆದರವಿದ್ದ ಕಾಲ ಅದು. 1938ರಲ್ಲಿ ಮಹಾರಾಜಾ ಕಾಲೇಜಿನಿಂದ ಪದವಿ ಪಡೆದು ಹೊರಬಂದ ತರುಣನಿಗೆ ರಾಜ್ಯವಾಳುವುದಕ್ಕಿಂತ ಸಭೆಯಲ್ಲಿ ಪಿಯಾನೊ ನುಡಿಸುವ ಕಲಾವಿದನಾಗಬೇಕೆಂಬ ಆಸೆಯಿತ್ತು. ವಿಧಿ ಬೇರೆ ಬರೆದಿತ್ತು. 1940ರ ಮಾರ್ಚ್ ತಿಂಗಳಲ್ಲಿ ತಂದೆ ತೀರಿಕೊಂಡರು. ಆಗಸ್ಟ್ ತಿಂಗಳಲ್ಲಿ ದೊಡ್ಡಪ್ಪ ನಾಲ್ವಡಿ ಕೃಷ್ಣರಾಜ ಒಡೆಯರು ದಿವಂಗತರಾದರು. ಸೆಪ್ಟೆಂಬರ್ ತಿಂಗಳಲ್ಲಿ ಇಪ್ಪತ್ತೊಂದು ವರ್ಷದ ತರುಣ ಪಟ್ಟವೇರಿದ್ದಾಯಿತು. ಆದರೂ ಅಭ್ಯಾಸ ಬಿಡಲಿಲ್ಲ. ಆಳುವ ಅರಸರಾಗಿದ್ದುಕೊಂಡೇ 1945ರಲ್ಲಿ ಲಂಡನ್ನಿನ ಗಿಲ್ಡ್‌ಹಾಲ್ ಸಂಗೀತ ಶಾಲೆಯ ಲೈಸೆನ್ಷಿಯೇಟ್ ಪದವಿಯನ್ನು ಪಡೆದರು.

ಆಗ ಲಂಡನ್ನಿನಲ್ಲಿ ನಿಕೊಲಾಯ್ ಮೆಟ್ನರ್ ಎಂಬ ರಷ್ಯದ ಸಂಗೀತಕಾರರಿದ್ದರು. ತಾಯ್ನಾಡನ್ನು ತೊರೆದು ಬಂದವರು, ವೃದ್ಧರು, ಬಡತನ ಬೇರೆ. ಅವರ ರಚನೆಗಳನ್ನು ಕೇಳುವವರು ಕಡಿಮೆಯಾಗಿದ್ದರು. ಮೈಸೂರಿನಲ್ಲಿ ಕುಳಿತು ಅವರ ಸಂಗೀತವನ್ನು ಮೆಚ್ಚಿಕೊಂಡಿದ್ದ ಮಹಾರಾಜರು ಅವರ ಹೆಸರಿನಲ್ಲಿ ಒಂದು ಸಂಘವನ್ನೇ ಸ್ಥಾಪಿಸಿ, ಅವರ ಕೃತಿಗಳನ್ನು ಗ್ರಾಮಫೋನು ತಟ್ಟೆಗಳಲ್ಲಿ ಮುದ್ರಿಸಲು ಹಣ ಒದಗಿಸಿದರು. ಪಿಯಾನೊ ಮತ್ತು ವಾದ್ಯವೃಂದಕ್ಕಾಗಿ ಮೆಟ್ನರ್ ರಚಿಸಿದ ಮೂರು ಕಂಚೆರ್ಟೊಗಳು ಅವರೇ ಪಿಯಾನೊ ನುಡಿಸಿ ಮುದ್ರಣಗೊಂಡವು. ಮನೆಯಲ್ಲಿ ಕುಳಿತು ಮರೆವಿಗೆ ಸಲ್ಲುತ್ತಿದ್ದ ಮುದುಕರೊಬ್ಬರಿಗೆ ಏಳು ಸಮುದ್ರದಾಚೆಯಿಂದ ಬಂದ ನೆರವು ಇದು. 1951ರಲ್ಲಿ ಮೆಟ್ನರ್ ತೀರಿಕೊಂಡರು. ತಮ್ಮ ಕೈಯ ನುಡಿಕೆಯನ್ನು ಬಿಟ್ಟುಹೋಗುವ ಭಾಗ್ಯ ಅವರಿಗೆ ದೊರಕಿತ್ತು.

ಇಲ್ಲಿ ವಾದ್ಯವೃಂದನಾಯಕ ಎಂದರೆ ಯಾರು ಎಂಬುದನ್ನು ಒಂದು ಮಾತಿನಲ್ಲಿ ಹೇಳಬೇಕು. ಅವರನ್ನು ಕಂಡಕ್ಟರ್ ಎನ್ನುತ್ತಾರೆ, ನಮ್ಮ ಬಸ್ಸಿನವನಲ್ಲ. ಎಂಬತ್ತು ತೊಂಬತ್ತು ಮಂದಿ ವಾದಕರ ಎದುರಿಗೆ ಕೈಯಲ್ಲೊಂದು ಪುಟ್ಟ ಕೋಲು ಹಿಡಿದು ನಿಂತು, ತಾನು ಒಂದು ಸ್ವರವನ್ನೂ ನುಡಿಸದೆ, ಎಲ್ಲರಿಂದ ಒಂದೇ ಮನಸ್ಸಿನಂತೆ ನುಡಿಸುವವನು. ಒಪೆರಾ ಎಂಬ ಗೀತನಾಟಕದಲ್ಲಾದರೆ ರಂಗದ ಮೇಲಿನ ಗಾಯಕರೂ ಅವನ ಕೋಲಿಗೆ ಅಧೀನರು. ನಮ್ಮ ಪುಣೆಯ ಸಂಗೀತ ನಾಟಕಗಳಲ್ಲಿ ಆರ್ಗನ್ನು ತಬಲಾದವರು ನಟನ ಹಿಂದೆ ಹೋಗುತ್ತಾರೆ. ಅಲ್ಲಿ ಎಲ್ಲರೂ ಈತನ ಹಿಂದೆ.

1945ರಲ್ಲಿ ವಾಲ್ಟರ್ ಲೆಗ್ ಎಂಬ ಧ್ವನಿಮುದ್ರಣ ತಜ್ಞರು ಲಂಡನ್ನಿನಲ್ಲಿ ಫಿಲ್‌ಹಾರ್ಮೋನಿಯಾ ಎಂಬ ವಾದ್ಯವೃಂದವನ್ನು ಕಟ್ಟಿದರು. ಕಲಾವಿದರು ಒಳ್ಳೆಯವರು, ಬೊಕ್ಕಸ ಮಾತ್ರ ಬರಿದು. ಲೆಗ್ ಮೈಸೂರಿಗೆ ಬಂದು ಕೆಲವು ವಾರ ಅರಮನೆಯ ಅತಿಥಿಯಾಗಿದ್ದರು. ಇನ್ನೂ ಮೂವತ್ತು ತುಂಬದ ಮಹಾರಾಜರ ಬಳಿ ದೊಡ್ಡ ಧ್ವನಿಮುದ್ರಿಕೆಗಳ ಭಂಡಾರ, ಬಗೆಬಗೆಯ ಧ್ವನಿವರ್ಧಕಗಳು, ಹಲವು ಪಿಯಾನೊಗಳು ಇದ್ದುದನ್ನು ಕಂಡು ಬೆರಗಾದರು. ಹಿಂತಿರುಗುವಾಗ ವರ್ಷಕ್ಕೆ 10,000 ಪೌಂಡಿನಂತೆ ಮೂರು ವರ್ಷಗಳ ಸಹಾಯದ ವಚನ ಅವರ ಕೈಯಲ್ಲಿತ್ತು. ಮಹಾರಾಜರು ಆ ಸಂಸ್ಥೆಯ ಪ್ರಥಮ ಅಧ್ಯಕ್ಷರೂ ಆದರು.

ಲೆಡ್ಜರು ಬರೆಯುವ ನನ್ನಂಥವನಿಗೆ ಈ ಅಂಕಿಯ ಮೇಲೆಯೇ ಕಣ್ಣು ನಿಲ್ಲುತ್ತದೆ. ರೂಪಾಯಿಗೆ 18 ಪೆನ್ಸಿನ ಅಂದಿನ ದರದಲ್ಲಿ ಅದು ವರ್ಷಕ್ಕೆ 1,33,333 ರೂಪಾಯಿ. ಮೂರು ವರ್ಷಕ್ಕೆ ಸರಿಯಾಗಿ ನಾಲ್ಕು ಲಕ್ಷ. ಮುಂದೆ ಮೈಸೂರು ಅರಸರಿಗೆ ನಿಗದಿಯಾದ ರಾಜಧನ ವರ್ಷಕ್ಕೆ 26 ಲಕ್ಷ. ಅಂದರೆ ಹೆಚ್ಚುಕಡಿಮೆ ಅದರ ಇಪ್ಪತ್ತನೆಯ ಒಂದು ಪಾಲು. ಇಷ್ಟು ಹಣ ಪರದೇಶದ ಪಿಟೀಲಿಗೇಕೆ ಎಂದು ಕೇಳುವವರಿದ್ದಾರೆ. ಕೇಳುವುದು ಅನ್ಯಾಯವೇನಲ್ಲ. ಮೆಟ್ನರರ ಕಂಚೆರ್ಟೊಗಳು ಲಂಡನ್ನಿನಲ್ಲಿ ಮುದ್ರಣವಾದ 1947ರಲ್ಲೇ ಇಲ್ಲಿ ಜವಾಬ್ದಾರಿ ಸರ್ಕಾರಕ್ಕಾಗಿ ಮೈಸೂರು ಚಲೋ ಚಳವಳಿ ನಡೆದು ಜನ ಜೈಲಿಗೆ ಹೋಗುತ್ತಿದ್ದರು. ಅರಮನೆಯೊಳಗಿನ ತಟ್ಟೆಗಳೂ ಬೀದಿಯ ಘೋಷಣೆಯೂ ಒಂದೇ ಊರಿನವು. ಚಳವಳಿಯ ಕೊನೆಗೆ ಅರಸರು ಜನರ ಬೇಡಿಕೆಗೆ ಮಣಿದರು, ಅಕ್ಟೋಬರಿನಲ್ಲಿ ಕೆ. ಸಿ. ರೆಡ್ಡಿಯವರ ಮಂತ್ರಿಮಂಡಲ ಬಂದಿತು. ನನ್ನ ಮಟ್ಟಿಗೆ, ಈ ನಾಲ್ಕು ಲಕ್ಷವನ್ನು ಅರಸರ ಇತರ ವೈಭವಗಳ ಸಾಲಿನಲ್ಲಿ ಬರೆಯಲು ಮನಸ್ಸು ಬಾರದು. ತಾವು ನುಡಿಸಬೇಕೆಂದಿದ್ದುದನ್ನು ಇನ್ನೊಬ್ಬರಿಂದ ನುಡಿಸಿದ ಖರ್ಚು ಅದು.

ಆ ನೆರವಿನಿಂದ ಲೆಗ್ ಅವರಿಗೆ ಹರ್ಬರ್ಟ್ ಫಾನ್ ಕರಯಾನ್ ಎಂಬ ಆಸ್ಟ್ರಿಯದ ನಾಯಕರನ್ನು ತೊಡಗಿಸಿಕೊಳ್ಳಲು ಅನುಕೂಲವಾಯಿತು. ನಾತ್ಸಿ ಪಕ್ಷದ ಸದಸ್ಯರಾಗಿದ್ದ ಕರಯಾನರಿಗೆ ಯುದ್ಧಾನಂತರ ಕೆಲಕಾಲ ಸಾರ್ವಜನಿಕ ಗೋಷ್ಠಿ ನಡೆಸಲು ಅಪ್ಪಣೆಯಿರಲಿಲ್ಲ. ಆ ಕಳಂಕವನ್ನು ಸಂಗೀತ ತೊಳೆಯಿತೆಂದು ನಾನು ಹೇಳಲಾರೆ. 1948ರಲ್ಲಿ ಅವರು ಲಂಡನ್ನಿನಲ್ಲಿ ಫಿಲ್‌ಹಾರ್ಮೋನಿಯಾದ ಮುಂದೆ ನಿಂತರು. ಮೈಸೂರಿನ ಅರಸರು ಕೇಳಬಯಸಿದ್ದು ಎಲ್ಲರೂ ನುಡಿಸುವ ಜನಪ್ರಿಯ ಕೃತಿಗಳನ್ನಲ್ಲ; ರಷ್ಯದ ಬಲಾಕಿರೆವ್, ಫ್ರಾನ್ಸಿನ ರೂಸೆಲ್ ಮುಂತಾದವರ ಅಪರೂಪದ ಸಿಂಫನಿಗಳನ್ನು. 1949ರಲ್ಲಿ ಕರಯಾನ್ ಅವನ್ನು ನುಡಿಸಿ ಮುದ್ರಿಸಿದರು. ಮುಂದೆ ಅವರು ಬರ್ಲಿನ್ ಫಿಲ್‌ಹಾರ್ಮೋನಿಕ್ಕಿನ ನಾಯಕರೂ ವಿಯೆನ್ನಾದ ಒಪೆರಾ ಮಂದಿರದ ಮುಖ್ಯಸ್ಥರೂ ಆಗಿ ಜಗತ್ತನ್ನೇ ಸುತ್ತಿದರು.

ಎಲ್ಲಕ್ಕಿಂತ ದೊಡ್ಡ ಸಂಗತಿ 1950ರ ಮೇ 22ರ ರಾತ್ರಿಯದು. ಜರ್ಮನಿಯ ಒಪೆರಾಕಾರ ರಿಚರ್ಡ್ ಸ್ಟ್ರೌಸ್ ತಮ್ಮ 84ನೆಯ ವಯಸ್ಸಿನಲ್ಲಿ, 1948ರಲ್ಲಿ, ವಾದ್ಯವೃಂದದೊಡನೆ ಹಾಡಲು ನಾಲ್ಕು ಗೀತೆಗಳನ್ನು ರಚಿಸಿದ್ದರು. ಹೆಚ್ಚಿನವು ಸಂಜೆ, ನಿದ್ರೆ, ಸಾವುಗಳ ಭಾವದವು. ಅವು ಮೊದಲ ಬಾರಿ ಹಾಡಿಸಿಕೊಳ್ಳುವ ಮುನ್ನವೇ, 1949ರ ಸೆಪ್ಟೆಂಬರಿನಲ್ಲಿ, ಅವರು ಕಣ್ಣು ಮುಚ್ಚಿದರು. ನಾರ್ವೆಯ ಗಾಯಕಿ ಕಿರ್ಸ್ಟನ್ ಫ್ಲಾಗ್‌ಸ್ಟಾಡ್ ಅವನ್ನು ಹಾಡಬೇಕೆಂಬುದು ಅವರ ಆಸೆಯಾಗಿತ್ತು. ಲಂಡನ್ನಿನ ರಾಯಲ್ ಆಲ್ಬರ್ಟ್ ಹಾಲಿನಲ್ಲಿ ಆಕೆ ಹಾಡಿದರು. ಫಿಲ್‌ಹಾರ್ಮೋನಿಯಾವನ್ನು ನಡೆಸಿದವರು ವಿಲ್ಹೆಲ್ಮ್ ಫುರ್ಟ್‌ವೆಂಗ್ಲರ್. ಅದೇ ವಸಂತದಲ್ಲಿ ಇಟಲಿಯ ಲಾ ಸ್ಕಾಲಾದಲ್ಲಿ ವಾಗ್ನರನ ಮಹಾ ಗೀತನಾಟಕಗಳಲ್ಲಿ ಈ ಇಬ್ಬರೂ ಜೊತೆಗೂಡಿದ್ದರು.

ಆ ಗೋಷ್ಠಿಗೆ 4,800 ಡಾಲರಿನ ಜಾಮೀನು ನಿಂತವರು ಜಯಚಾಮರಾಜ ಒಡೆಯರು. ಅಂದಿನ ಲೆಕ್ಕದಲ್ಲಿ ಸುಮಾರು 22,850 ರೂಪಾಯಿ. ಜಾಮೀನು ನಿಂತವರೇ ಸಭೆಯಲ್ಲಿರಲಿಲ್ಲ. ನಾಲ್ಕು ತಿಂಗಳ ಹಿಂದಷ್ಟೇ, ಗಣರಾಜ್ಯದ ಮೊದಲ ದಿನ, ಅವರು ಮೈಸೂರಿನ ರಾಜಪ್ರಮುಖರಾಗಿದ್ದರು. ಅವರು ಕೇಳಿಕೊಂಡದ್ದು ಒಂದೇ: ಆ ರಾತ್ರಿಯ ಗಾಯನವನ್ನು ತಟ್ಟೆಗಳಲ್ಲಿ ಹಿಡಿದು ಮೈಸೂರಿಗೆ ಕಳುಹಿಸಬೇಕು. ಸುಮಾರು 20,000 ಧ್ವನಿಮುದ್ರಿಕೆಗಳಿದ್ದ ಅವರ ಸಂಗ್ರಹಕ್ಕೆ ಅದೂ ಬಂದು ಸೇರಿತು.

ಇಷ್ಟಾದರೂ ಅವರು ಪಶ್ಚಿಮಕ್ಕೆ ಮಾರುಹೋದವರಲ್ಲ. ಮೆಟ್ನರ್‌ ಮತ್ತು ಲೆಗ್‌ ಅವರಿಗೆ ಹಣ ಕಳುಹಿಸುತ್ತಿದ್ದ ಅವೇ ವರ್ಷಗಳಲ್ಲಿ ಕರ್ನಾಟಕ ಸಂಗೀತದ ರಚನೆಗೆ ಕುಳಿತರು. ವೀಣೆ ವೆಂಕಟಗಿರಿಯಪ್ಪನವರಂಥವರ ಬಳಿ ವೀಣೆ, ವಾಸುದೇವಾಚಾರ್ಯರಂಥ ಹಿರಿಯರ ಸಹವಾಸ. ಶ್ರೀವಿದ್ಯಾ ಅಂಕಿತದಲ್ಲಿ ಸಂಸ್ಕೃತ ಕೃತಿಗಳು ಹೊರಬಂದವು, ಎಷ್ಟೋ ಅಪೂರ್ವ ರಾಗಗಳಲ್ಲಿ. ಗಂಭೀರನಾಟದ ಶ್ರೀ ಜಾಲಂಧರ ಕೃತಿಯನ್ನು ನಮ್ಮ ಮಕ್ಕಳೂ ಸ್ಪರ್ಧೆಗಳಲ್ಲಿ ಹಾಡುತ್ತಾರೆ. ರಚಿಸಿದವರು ಯಾರೆಂದು ಕೇಳಿದರೆ ಕೆಲವರು ತಡವರಿಸುತ್ತಾರೆ.

1964ರವರೆಗೆ ಅವರು ನಮ್ಮ ರಾಜ್ಯದ ರಾಜ್ಯಪಾಲರಾಗಿದ್ದರು. ಆಮೇಲೆ 1966ರವರೆಗೆ ಮದರಾಸಿನಲ್ಲಿ. ರಾಜಧನ 1971ರಲ್ಲಿ ರದ್ದಾಯಿತು. 1974ರ ಸೆಪ್ಟೆಂಬರ್ 23ರಂದು, ಐವತ್ತೈದನೆಯ ವಯಸ್ಸಿನಲ್ಲಿ, ಅವರು ದೈವಾಧೀನರಾದರು. ಆ ಮೇ ತಿಂಗಳ ರಾತ್ರಿಯ ಮುದ್ರಣ ಉಳಿದುಕೊಂಡಿದೆ. ಗರಗರ ಸದ್ದು ಹೆಚ್ಚು, ಆದರೂ ಕಂಠ ಕೇಳುತ್ತದೆ. ಮೆಟ್ನರ್ ತಮ್ಮ ಮೂರನೆಯ ಕಂಚೆರ್ಟೊವನ್ನು ಕೃತಜ್ಞತೆಯಿಂದ ಅರ್ಪಿಸಿದ್ದು ಮೈಸೂರಿನ ಮಹಾರಾಜರಿಗೆ.