ಗ್ರಂಥಪಾಲಕರ ಗುರು ರಂಗನಾಥನ್

ಶಾಲೆಯೊಂದಕ್ಕೆ ಕಟ್ಟಡ, ಮೇಜು, ಮಣೆ, ಪಾಠಪಟ್ಟಿಗಳೆಲ್ಲ ಒದಗಿದ ಮೇಲೆ ಕಟ್ಟಕಡೆಗೆ ನೆನಪಿಗೆ ಬರುವುದು ಪುಸ್ತಕದ ಕಪಾಟು. ಅದರ ಬೀಗದ ಕೈಯನ್ನು ಯಾರಾದರೂ ಒಬ್ಬ ಉಪಾಧ್ಯಾಯರಿಗೆ ಒಪ್ಪಿಸಿ, ಲೆಕ್ಕದ ಪುಸ್ತಕದಲ್ಲಿ ಅವರ ರುಜು ಪಡೆದರೆ ಗ್ರಂಥಭಂಡಾರದ ವ್ಯವಸ್ಥೆ ಮುಗಿಯಿತೆಂದು ತಿಳಿಯುವ ಶಾಲೆಗಳು ನಮ್ಮ ನಾಡಿನಲ್ಲಿ ವಿರಳವಲ್ಲ. ಪುಸ್ತಕ ಕಳೆದರೆ ತಾವೇ ಉತ್ತರ ಹೇಳಬೇಕಾದ ಆ ಉಪಾಧ್ಯಾಯರು ಅದನ್ನು ಮಕ್ಕಳ ಕೈಗೆ ಕೊಡಲು ಹಿಂಜರಿಯುವುದು ಸಹಜ. ಕಾಲಕ್ರಮದಲ್ಲಿ ಪುಸ್ತಕಗಳು ಹುಳುಗಳಿಗೆ ಆಹಾರವಾಗುತ್ತವೆ. ಓದುವ ವಯಸ್ಸಿನ ಮಕ್ಕಳು ಓದಿನ ರುಚಿಯನ್ನೇ ಅರಿಯದೆ ಶಾಲೆಯನ್ನು ದಾಟಿಹೋಗುತ್ತಾರೆ. ಇದಕ್ಕೆ ಆ ಉಪಾಧ್ಯಾಯರನ್ನು ದೂರುವುದು ನ್ಯಾಯವಲ್ಲ. ಅವರಿಗೆ ಬೀಗದ ಕೈ ದೊರೆತಿದೆಯೇ ಹೊರತು ಆ ಕೆಲಸದ ವಿದ್ಯೆ ದೊರೆತಿಲ್ಲ.

ಗ್ರಂಥಪಾಲನೆಯು ಕಲಿತೇ ಬರಬೇಕಾದ ವಿದ್ಯೆಯೇ, ಕಲಿತ ಮೇಲೂ ಅದನ್ನು ಬೆಳೆಸಿಕೊಳ್ಳುತ್ತಿರಬೇಕೇ ಎಂದು ಸಂಶಯಪಡುವವರಿಗೆ ಶಿಯಾಳಿ ರಾಮಾಮೃತ ರಂಗನಾಥನ್ ಅವರ ಜೀವನವೇ ಉತ್ತರವಾಗಿದೆ. ಭಾರತದ ಗ್ರಂಥಭಂಡಾರ ಶಾಸ್ತ್ರದ ಜನಕರೆಂದು ಲೋಕವು ಮನ್ನಿಸಿದ ಈ ಮಹನೀಯರು ಆ ಕೆಲಸಕ್ಕೆ ಬಂದದ್ದು ಒಲವಿನಿಂದಲ್ಲ. ಬಂದ ಕೆಲವೇ ದಿನಗಳಲ್ಲಿ ಅದನ್ನು ಬಿಟ್ಟುಹೋಗಲು ಯತ್ನಿಸಿದ್ದರು ಕೂಡ. ಅವರನ್ನು ಆ ಪೀಠದಲ್ಲಿ ನಿಲ್ಲಿಸಿದ್ದು ಶಿಕ್ಷಣವೊಂದೇ.

ರಂಗನಾಥನ್ ಅವರು 1892ರ ಆಗಸ್ಟ್ ತಿಂಗಳಿನಲ್ಲಿ ತಂಜಾವೂರು ಜಿಲ್ಲೆಯ ಶಿಯಾಳಿಯಲ್ಲಿ ಜನಿಸಿದರು. ಚಿಕ್ಕಂದಿನಲ್ಲಿಯೇ ತಂದೆಯನ್ನು ಕಳೆದುಕೊಂಡರು. ಮಾತಿನಲ್ಲಿ ತೊದಲಿದ್ದ ಈ ಬಾಲಕನು ಮುಂದೆ ಉಪಾಧ್ಯಾಯನಾಗುವನೆಂದು ಯಾರೂ ಎಣಿಸುವಂತಿರಲಿಲ್ಲ. ಮದ್ರಾಸಿನ ಕ್ರಿಶ್ಚಿಯನ್ ಕಾಲೇಜಿನಲ್ಲಿ ಪ್ರೊಫೆಸರ್ ಎಡ್ವರ್ಡ್ ರಾಸ್ ಅವರ ಬಳಿ ಗಣಿತವನ್ನು ಕಲಿತು ಎಂ.ಎ. ಪದವಿಯನ್ನು ಪಡೆದ ಮೇಲೆ, ಸೈದಾಪೇಟೆಯಲ್ಲಿ ಉಪಾಧ್ಯಾಯರ ಶಿಕ್ಷಣವನ್ನೂ ಪಡೆದು, ಸತತ ಅಭ್ಯಾಸದಿಂದ ತಮ್ಮ ತೊದಲನ್ನು ಅಂಕೆಗೆ ತಂದುಕೊಂಡರು. 1917ರಲ್ಲಿ ಅವರು ಮೊದಲು ಪಾಠಪೀಠವನ್ನೇರಿದ್ದು ನಮ್ಮ ಮಂಗಳೂರಿನ ಸರಕಾರಿ ಕಾಲೇಜಿನಲ್ಲಿ ಎಂಬುದನ್ನು ಕನ್ನಡಿಗರು ಅಭಿಮಾನದಿಂದ ನೆನೆಯಬಹುದು. ಅಂದು ದಕ್ಷಿಣ ಕನ್ನಡವು ಮದ್ರಾಸು ಪ್ರಾಂತಕ್ಕೆ ಸೇರಿತ್ತು. ಅಲ್ಲಿಂದ ಕೊಯಮತ್ತೂರಿಗೂ, ಬಳಿಕ ಮದ್ರಾಸಿನ ಪ್ರೆಸಿಡೆನ್ಸಿ ಕಾಲೇಜಿಗೂ ಅವರು ವರ್ಗವಾದರು.

ಮದ್ರಾಸು ವಿಶ್ವವಿದ್ಯಾನಿಲಯವು ಗ್ರಂಥಪಾಲಕರ ಹುದ್ದೆಯೊಂದನ್ನು ನಿರ್ಮಿಸಿ ಅರ್ಜಿಗಳನ್ನು ಕರೆದಾಗ ಸುಮಾರು 900 ಮಂದಿ ಮುಂದೆ ಬಂದರಂತೆ. ಅವರೊಳಗೆ ಆ ವಿದ್ಯೆಯನ್ನು ಕಲಿತವನು ಒಬ್ಬನೂ ಇರಲಿಲ್ಲ. ಮಿತ್ರರ ಒತ್ತಾಯಕ್ಕೆ ಅರ್ಜಿ ಹಾಕಿದ್ದ ರಂಗನಾಥನ್ ಅವರ ತಿಳಿವಳಿಕೆಯಾದರೂ ವಿಶ್ವಕೋಶದ ಒಂದು ಲೇಖನವನ್ನು ಓದಿದಷ್ಟೇ. 1924ರ ಜನವರಿಯಲ್ಲಿ ಅವರು ಕೆಲಸಕ್ಕೆ ಸೇರಿದರು. ತರಗತಿಯ ಗಲಗಲವನ್ನು ಬಿಟ್ಟುಬಂದ ಅವರಿಗೆ ಓದುಗರಿಲ್ಲದ ಆ ಕೋಣೆಯ ಮೌನವು ಸೆರೆಮನೆಯಂತೆ ತೋರಿತು. ವಾರ ಕಳೆಯುವಷ್ಟರಲ್ಲಿ ಹಳೆಯ ಕಾಲೇಜಿನ ಪ್ರಿನ್ಸಿಪಾಲರ ಬಳಿಗೆ ಹೋಗಿ, ತಮ್ಮನ್ನು ಮರಳಿ ಗಣಿತಕ್ಕೆ ಸೇರಿಸಿಕೊಳ್ಳಬೇಕೆಂದು ಬೇಡಿದರು. ಹುದ್ದೆಯ ಕರಾರಿನಂತೆ ವಿಲಾಯತಿಗೆ ಹೋಗಿ ಆ ಶಾಸ್ತ್ರವನ್ನು ಅಭ್ಯಾಸಮಾಡಿ ಬರುವುದಿತ್ತು. ಅದನ್ನು ಪೂರೈಸಿ ಬಂದ ಮೇಲೂ ಮನಸ್ಸು ಇದೇ ತೆರನಾಗಿದ್ದರೆ ಹಿಂದಿರುಗಬಹುದೆಂದು ಆ ಪ್ರಿನ್ಸಿಪಾಲರು ಸಮಾಧಾನ ಹೇಳಿ ಕಳುಹಿಸಿದರು. ಮುಂದೆ ಭಾರತಕ್ಕೆ ಒದಗಿದ ಲಾಭವೆಲ್ಲ ಈ ಒಂದು ವಿವೇಕದ ಸಲಹೆಯಿಂದ ಹುಟ್ಟಿತೆಂದರೆ ಅತಿಶಯೋಕ್ತಿಯಾಗದು.

ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನಲ್ಲಿ ಅವರಿಗೆ ದೊರೆತ ಗುರು ಬರ್ವಿಕ್ ಸೇಯರ್ಸ್. ಕ್ರಾಯ್ಡನ್ ಪಟ್ಟಣದ ಗ್ರಂಥಪಾಲಕರಾಗಿದ್ದ ಸೇಯರ್ಸ್ ಅವರು ವರ್ಗೀಕರಣದಲ್ಲಿ ಪಂಡಿತರು. ಮಕ್ಕಳ ಗ್ರಂಥಭಂಡಾರಗಳ ವಿಷಯದಲ್ಲಿಯೂ ಗ್ರಂಥಗಳನ್ನು ಬರೆದವರು. ಪುಸ್ತಕದ ಪಾಠ ಮುಗಿಯಿತೆಂದು ರಂಗನಾಥನ್ ಸುಮ್ಮನಿರಲಿಲ್ಲ. ಕ್ರಾಯ್ಡನ್ನಿನಲ್ಲಿ ಕೈಯಾರೆ ಕೆಲಸಮಾಡಿದರು. ನೂರಕ್ಕೂ ಮಿಕ್ಕ ಗ್ರಂಥಭಂಡಾರಗಳನ್ನು ಸುತ್ತಿ ನೋಡಿದರು. ಒಂದೊಂದು ಊರಿನಲ್ಲಿ ಒಂದೊಂದು ರೀತಿ ಇರುವುದನ್ನು ಕಂಡು, ಇಷ್ಟೊಂದು ಬಗೆಗಳ ಹಿಂದೆ ಒಂದು ತತ್ವವಿರಬೇಕೆಂದು ಗಣಿತಜ್ಞನ ಬುದ್ಧಿಯಿಂದ ಚಿಂತಿಸತೊಡಗಿದರು. ಲಂಡನ್ನಿನ ಒಂದು ದೊಡ್ಡ ಅಂಗಡಿಯಲ್ಲಿ ಮೆಕ್ಯಾನೊ ಎಂಬ ಆಟಿಕೆಯನ್ನು ಕಂಡಾಗ, ಕೆಲವೇ ಪಟ್ಟಿಗಳನ್ನೂ ತಿರುಪುಗಳನ್ನೂ ಬೇರೆ ಬೇರೆಯಾಗಿ ಜೋಡಿಸಿ ಬಗೆಬಗೆಯ ವಸ್ತುಗಳನ್ನು ಮಾಡುವಂತೆ, ವಿಷಯದ ಅಂಗಗಳನ್ನು ಜೋಡಿಸಿ ಎಂತಹ ಪುಸ್ತಕಕ್ಕಾದರೂ ಸ್ಥಾನ ಕಲ್ಪಿಸಬಹುದೆಂಬ ಕಲ್ಪನೆ ಅವರಿಗೆ ಹೊಳೆಯಿತು. ದ್ವಿಬಿಂದು ವರ್ಗೀಕರಣವೆಂದು ಮುಂದೆ ಪ್ರಸಿದ್ಧವಾದ ಪದ್ಧತಿಯ ಬೀಜವಿದು. 1925ರಲ್ಲಿ ಸ್ವದೇಶಕ್ಕೆ ಮರಳಿದ ಮೇಲೆ ಗಣಿತದ ಹುದ್ದೆಯ ಮಾತನ್ನೇ ಅವರು ಎತ್ತಲಿಲ್ಲ.

ಹಡಗೇರಿ ಹೋದ ವ್ಯಕ್ತಿಯೇ ಮರಳಿ ಬಂದರು. ಸೇರಿದ ಗ್ರಂಥಭಂಡಾರವೂ ಅದೇ. ಆದರೂ ಸೆರೆಮನೆಯೆಂದು ತೋರಿದ್ದ ಸ್ಥಳವು ಅವರಿಗೆ ಕರ್ಮಕ್ಷೇತ್ರವಾಯಿತು. ನಡುವೆ ನಡೆದುದು ಶಿಕ್ಷಣ. ಕೆಲಸದ ಉದ್ದೇಶವನ್ನೂ ವಿಧಾನವನ್ನೂ ಅರಿಯದವನಿಗೆ ಯಾವ ಕೆಲಸವೂ ಬೇಸರವೇ. ನಮ್ಮ ಶಾಲೆಗಳಲ್ಲಿ ಕಪಾಟಿನ ಹೊಣೆಯನ್ನು ಹೊರೆಯೆಂದು ಭಾವಿಸುವ ಉಪಾಧ್ಯಾಯರ ಮನಸ್ಸನ್ನು ತಿಳಿಯಲು ಇದಕ್ಕಿಂತ ಒಳ್ಳೆಯ ದೃಷ್ಟಾಂತ ಬೇಕಿಲ್ಲ.

ಮದ್ರಾಸಿನಲ್ಲಿ ಅವರು ಪುಸ್ತಕಗಳ ಕಪಾಟುಗಳನ್ನು ಓದುಗರಿಗೆ ತೆರೆದಿಟ್ಟರು. ಓದುಗನು ತಾನೇ ನಡೆದು, ತಡವಿ, ತೆರೆದು ನೋಡಿ ಆರಿಸಿಕೊಳ್ಳುವಂತೆ ಮಾಡಿದರು. 1928ರಲ್ಲಿ ಮದ್ರಾಸು ಗ್ರಂಥಭಂಡಾರ ಸಂಘವು ಸ್ಥಾಪಿತವಾಗಲು ಕಾರಣರಾದರು. ಆ ವರ್ಷದ ಕೊನೆಗೆ ಚಿದಂಬರದ ಮೀನಾಕ್ಷಿ ಕಾಲೇಜಿನಲ್ಲಿ ಉಪಾಧ್ಯಾಯರು ನೆರೆದಿದ್ದ ಪರಿಷತ್ತಿನಲ್ಲಿ ತಮ್ಮ ಪಂಚಸೂತ್ರಗಳನ್ನು ನಿರೂಪಿಸಿದರು. 1931ರಲ್ಲಿ ಅವು ಗ್ರಂಥರೂಪವನ್ನು ತಾಳಿದವು. ಇಂದು ಲೋಕದ ಗ್ರಂಥಪಾಲಕರೆಲ್ಲರೂ ಓದುವ ಈ ಸೂತ್ರಗಳು ಮೊದಲು ಉಪಾಧ್ಯಾಯರ ಕಿವಿಗೆ ಬಿದ್ದವೆಂಬುದು ಗಮನಿಸತಕ್ಕ ಸಂಗತಿ.

ಆ ಸೂತ್ರಗಳ ತಾತ್ಪರ್ಯವನ್ನು ಶಾಲೆಗೆ ಅನ್ವಯಿಸಿ ನೋಡೋಣ. ಪುಸ್ತಕವಿರುವುದು ಬಳಸುವುದಕ್ಕಾಗಿ, ಆದುದರಿಂದ ಓದಿ ಸವೆದ ಪುಸ್ತಕವು ಶಾಲೆಗೆ ನಷ್ಟವಲ್ಲ. ಪ್ರತಿಯೊಬ್ಬ ಓದುಗನಿಗೂ ಅವನಿಗೆ ತಕ್ಕ ಪುಸ್ತಕ ದೊರೆಯಬೇಕು; ಎಂದಮೇಲೆ ಓದಿನಲ್ಲಿ ಹಿಂದೆ ಬಿದ್ದ ಮಗುವಿಗೂ ಗ್ರಂಥಭಂಡಾರದಲ್ಲಿ ಪಾಲುಂಟು. ಪ್ರತಿಯೊಂದು ಪುಸ್ತಕಕ್ಕೂ ಅದರ ಓದುಗನು ದೊರೆಯಬೇಕು. ಅಂತಹ ಓದುಗನನ್ನು ಹುಡುಕಿ ಕೂಡಿಸುವುದು ಗ್ರಂಥಪಾಲಕನ ಕರ್ತವ್ಯ. ಓದುಗನ ಕಾಲವು ವ್ಯರ್ಥವಾಗಬಾರದು. ಮುಕ್ಕಾಲು ಗಂಟೆಯ ಅವಧಿಯಲ್ಲಿ ಅರ್ಧ ಗಂಟೆಯನ್ನು ಮಕ್ಕಳು ಸಾಲಿನಲ್ಲಿ ನಿಂತು ಕಳೆದರೆ ಕ್ರಮವೇ ತಪ್ಪಿದೆಯೆಂದು ಅರ್ಥ. ಗ್ರಂಥಭಂಡಾರವು ಬೆಳೆಯುವ ಪ್ರಾಣಿಯಂತಿರುವುದು ಐದನೆಯ ಸೂತ್ರ. ಪುಸ್ತಕ ಬೆಳೆದಂತೆ, ಓದುಗರು ಬೆಳೆದಂತೆ, ಅದನ್ನು ನಡೆಸುವವರೂ ಬೆಳೆಯಬೇಕಲ್ಲವೆ? ಹತ್ತು ವರ್ಷಗಳ ಹಿಂದೆ ಪಡೆದ ಪ್ರಶಸ್ತಿಪತ್ರದ ಬಲದಿಂದಲೇ ಇಂದಿನ ಮಕ್ಕಳಿಗೆ ದಾರಿ ತೋರಲಾಗದು.

ಸೂತ್ರಗಳನ್ನು ಹೇಳಿ ಅವರು ಕೈಕಟ್ಟಿ ಕೂಡಲಿಲ್ಲ. ಗ್ರಂಥಪಾಲಕರ ಶಿಕ್ಷಣವು ಬಡೋದೆಯಲ್ಲಿ 1911ರಲ್ಲಿಯೂ, ಲಾಹೋರಿನಲ್ಲಿ 1915ರಲ್ಲಿಯೂ ಮೊದಲಾಗಿತ್ತು. ಅದಕ್ಕೆ ಕಾರಣರಾದವರು ಅಮೆರಿಕದಿಂದ ಬಂದ ತಜ್ಞರು. ದಕ್ಷಿಣದಲ್ಲಿ ಆ ಕೊರತೆಯನ್ನು ತುಂಬಲು 1929ರಲ್ಲಿ ರಂಗನಾಥನ್ ಅವರು ಸಂಘದ ಆಶ್ರಯದಲ್ಲಿ ಬೇಸಗೆಯ ಶಾಲೆಯನ್ನು ತೆರೆದರು. 1931ರಲ್ಲಿ ವಿಶ್ವವಿದ್ಯಾನಿಲಯವು ಅದನ್ನು ವಹಿಸಿಕೊಂಡಿತು. 1937ರಲ್ಲಿ ಅದು ಒಂದು ವರ್ಷದ ಡಿಪ್ಲೊಮಾ ಆಯಿತು. ಬೇಸಗೆಯನ್ನು ಆರಿಸಿದುದರಲ್ಲಿ ಒಂದು ಅನುಕೂಲವಿದೆ. ವರ್ಷವೆಲ್ಲ ದುಡಿಯುವ ಉಪಾಧ್ಯಾಯನಿಗೆ ಬಿಡುವು ದೊರೆಯುವುದು ಅದೊಂದೇ ಕಾಲದಲ್ಲಿ. ಕೆಲಸದಲ್ಲಿರುವವರನ್ನು ಕೆಲಸ ಬಿಡಿಸದೆ ಕಲಿಸುವ ಮಾರ್ಗವಿದು.

ಶಾಲೆಯ ವಿಷಯವು ಅವರ ಮನಸ್ಸಿನಿಂದ ಎಂದೂ ಮರೆಯಾಗಲಿಲ್ಲ. 1942ರಲ್ಲಿ ಶಾಲಾ ಕಾಲೇಜುಗಳ ಗ್ರಂಥಭಂಡಾರಗಳನ್ನು ಕುರಿತೇ ಒಂದು ದೊಡ್ಡ ಗ್ರಂಥವನ್ನು ಪ್ರಕಟಿಸಿದರು. ಅದೇ ವಿಷಯದಲ್ಲಿ ತಮ್ಮ ಅರ್ಧ ಶತಮಾನದ ಅನುಭವವನ್ನು ಸಂಗ್ರಹಿಸಿದ ಮತ್ತೊಂದು ಪುಸ್ತಕವು ಅವರ ಮರಣಾನಂತರ 1973ರಲ್ಲಿ ಹೊರಬಂದಿತು. 1945ರಲ್ಲಿ ಕಾಶಿಯ ಹಿಂದೂ ವಿಶ್ವವಿದ್ಯಾನಿಲಯಕ್ಕೆ ಹೋದಾಗ ಅಲ್ಲಿನ ಲಕ್ಷದಷ್ಟು ಪುಸ್ತಕಗಳನ್ನು ತಾವೊಬ್ಬರೇ ವರ್ಗೀಕರಿಸಿದರೆಂದು ಪ್ರಸಿದ್ಧಿಯಿದೆ. 1947ರಿಂದ ದಿಲ್ಲಿಯಲ್ಲಿ ಉಚ್ಚ ಶಿಕ್ಷಣವನ್ನು ಬೆಳೆಸಿದರು. 1933ರಲ್ಲಿ ಮೊದಲು ಅಚ್ಚಾದ ತಮ್ಮ ವರ್ಗೀಕರಣವನ್ನು ಮತ್ತೆ ಮತ್ತೆ ತಿದ್ದಿ, 1960ರ ಹೊತ್ತಿಗೆ ಆರನೆಯ ಆವೃತ್ತಿಯನ್ನು ಹೊರಡಿಸಿದರು. ಗುರುವೆನಿಸಿಕೊಂಡವನೂ ವಿದ್ಯಾರ್ಥಿಯಾಗಿಯೇ ಉಳಿಯಬೇಕೆಂಬುದಕ್ಕೆ ಇದು ಸಾಕ್ಷಿ. ಮಿತವ್ಯಯದಿಂದ ಕೂಡಿಸಿದ ಒಂದು ಲಕ್ಷ ರೂಪಾಯಿಗಳನ್ನು ಗ್ರಂಥಭಂಡಾರ ಶಾಸ್ತ್ರದ ಪೀಠವೊಂದಕ್ಕಾಗಿ ಮದ್ರಾಸು ವಿಶ್ವವಿದ್ಯಾನಿಲಯಕ್ಕೆ ದಾನವಿತ್ತರು. ಆ ಪೀಠವು ಅವರ ಪತ್ನಿ ಶಾರದಾ ಅವರ ಹೆಸರನ್ನು ಧರಿಸಿತು.

ಅವರ ಬಾಳಿನ ಕೊನೆಯ ಭಾಗವು ಬೆಂಗಳೂರಿಗೆ ಸಂದಿತು. 1962ರಲ್ಲಿ ಭಾರತೀಯ ಸಂಖ್ಯಾಶಾಸ್ತ್ರ ಸಂಸ್ಥೆಯು ಅವರ ನೇತೃತ್ವದಲ್ಲಿ ಅಲ್ಲಿ ಪ್ರಲೇಖನ ಸಂಶೋಧನ ಮತ್ತು ಶಿಕ್ಷಣ ಕೇಂದ್ರವನ್ನು ಸ್ಥಾಪಿಸಿತು. ಅಂದಿನ ಮೈಸೂರು ರಾಜ್ಯವು 1965ರಲ್ಲಿ ಸಾರ್ವಜನಿಕ ಗ್ರಂಥಾಲಯಗಳ ಶಾಸನವನ್ನು ಅಂಗೀಕರಿಸಿದ್ದರ ಹಿಂದೆ ಅವರ ಶ್ರಮವಿತ್ತು. ಅದೇ ವರ್ಷ ಭಾರತ ಸರಕಾರವು ಅವರನ್ನು ರಾಷ್ಟ್ರೀಯ ಸಂಶೋಧನ ಪ್ರಾಧ್ಯಾಪಕರನ್ನಾಗಿ ಗೌರವಿಸಿತು. 1972ರ ಸೆಪ್ಟೆಂಬರ್ 27ರಂದು ಅವರು ಬೆಂಗಳೂರಿನಲ್ಲಿಯೇ ದೇಹವನ್ನಿಟ್ಟರು. ಮಂಗಳೂರಿನಲ್ಲಿ ಉಪಾಧ್ಯಾಯರಾಗಿ ತೊಡಗಿದ ಬಾಳು ಕನ್ನಡನಾಡಿನಲ್ಲಿಯೇ ಮುಕ್ತಾಯವಾಯಿತು.

ಅವರ ವರ್ಗೀಕರಣವು ಎಲ್ಲೆಡೆ ಬಳಕೆಗೆ ಬರಲಿಲ್ಲ, ಭಾರತದಲ್ಲಿಯೂ ಅನೇಕ ಗ್ರಂಥಭಂಡಾರಗಳು ಡ್ಯೂಯಿ ಪದ್ಧತಿಯನ್ನೇ ಅನುಸರಿಸುತ್ತಿವೆ ಎಂದು ಯಾರಾದರೂ ಆಕ್ಷೇಪಿಸಬಹುದು. ಅದು ನಿಜ. ಆದರೆ ವಿಷಯವನ್ನು ಅಂಗಾಂಗಗಳಾಗಿ ಬಿಡಿಸಿ ನೋಡುವ ಅವರ ವಿಚಾರವು ಪಾಶ್ಚಾತ್ಯ ತಜ್ಞರ ಮೇಲೂ ಪ್ರಭಾವ ಬೀರಿತು. ಶಾಲೆಯ ಮಟ್ಟಿಗಂತೂ ಸಂಖ್ಯೆಗಳ ಪದ್ಧತಿ ಯಾವುದಾದರೇನು? ಪುಸ್ತಕವನ್ನೂ ಮಗುವನ್ನೂ ಬಲ್ಲ ಒಬ್ಬ ವ್ಯಕ್ತಿ ಅಲ್ಲಿರುವನೋ ಇಲ್ಲವೋ ಎಂಬುದೇ ಮುಖ್ಯ ಪ್ರಶ್ನೆ.

2009ರ ಶಿಕ್ಷಣ ಹಕ್ಕಿನ ಶಾಸನವು ಪ್ರತಿಯೊಂದು ಶಾಲೆಗೂ ಗ್ರಂಥಭಂಡಾರವಿರಬೇಕೆಂದೂ, ಅಲ್ಲಿ ವೃತ್ತಪತ್ರಿಕೆ, ನಿಯತಕಾಲಿಕೆ, ಕಥೆಪುಸ್ತಕಗಳು ಸೇರಿ ಎಲ್ಲ ವಿಷಯಗಳ ಪುಸ್ತಕಗಳಿರಬೇಕೆಂದೂ ತನ್ನ ಅನುಸೂಚಿಯಲ್ಲಿ ವಿಧಿಸಿದೆ. ಸಂತೋಷ. ಆದರೆ ಅದೇ ಅನುಸೂಚಿಯು ಮುಖ್ಯೋಪಾಧ್ಯಾಯರನ್ನೂ, ಕಲೆ, ಆರೋಗ್ಯ, ಕಾರ್ಯಶಿಕ್ಷಣಗಳ ಬೋಧಕರನ್ನೂ ಎಣಿಸುವಲ್ಲಿ ಗ್ರಂಥಪಾಲಕನ ಹೆಸರನ್ನೆತ್ತಿಲ್ಲ. ದೇವಾಲಯವನ್ನು ಕಟ್ಟಿಸಿ ಅರ್ಚಕನನ್ನು ಮರೆತಂತಾಯಿತು ಇದು.

ಪ್ರತಿ ಶಾಲೆಗೂ ಪೂರ್ಣಾವಧಿಯ ಗ್ರಂಥಪಾಲಕರು ದೊರೆಯುವುದು ನಮ್ಮ ಬೇಡಿಕೆ. ಅದು ಈಡೇರುವ ತನಕ ಈಗ ಹೊಣೆ ಹೊತ್ತವರನ್ನಾದರೂ ತರಬೇತಿಗೊಳಿಸುವುದು ಅಸಾಧ್ಯವಲ್ಲ. ರಂಗನಾಥನ್ ಅವರ ಜೀವನವೇ ಅದರ ಕಾರ್ಯಕ್ರಮವನ್ನು ಬರೆದಿಟ್ಟಿದೆ. ಪ್ರತಿ ಬೇಸಗೆಯಲ್ಲಿ ಜಿಲ್ಲೆಗೊಂದು ಶಿಬಿರ ನಡೆದು, ವರ್ಗೀಕರಣದ ಜೊತೆಗೆ ಕಥೆ ಹೇಳುವ, ಪುಸ್ತಕವನ್ನು ಪರಿಚಯಿಸುವ ಕಲೆಯನ್ನೂ ಕಲಿಸಲಿ. ವರ್ಷಕ್ಕೆ ಎರಡು ಸಲವಾದರೂ ಚೆನ್ನಾಗಿ ನಡೆಯುವ ಬೇರೆ ಶಾಲೆಯ ಗ್ರಂಥಭಂಡಾರವನ್ನು ಕಣ್ಣಾರೆ ನೋಡಿ ಬರಲು ಉಪಾಧ್ಯಾಯರಿಗೆ ರಜೆಯೂ ಪ್ರಯಾಣವೆಚ್ಚವೂ ದೊರೆಯಲಿ. ನೆರೆಹೊರೆಯ ಶಾಲೆಗಳವರು ತಿಂಗಳಿಗೊಮ್ಮೆ ಕೂಡಿ, ಯಾವ ಪುಸ್ತಕ ಯಾವ ವಯಸ್ಸಿನವರಿಗೆ ಹಿಡಿಸಿತು, ಯಾವುದು ಕಪಾಟಿನಲ್ಲಿಯೇ ಉಳಿಯಿತೆಂದು ವಿಚಾರವಿನಿಮಯ ಮಾಡಲಿ. ಎಲ್ಲಕ್ಕೂ ಮಿಗಿಲಾಗಿ, ಪುಸ್ತಕ ಕೊಡುವವರು ಮೊದಲು ಅದನ್ನು ಓದಲಿ. ಪಂಜೆ ಮಂಗೇಶರಾಯರ, ರಾಜರತ್ನಂ ಅವರ ಬರಹಗಳನ್ನೂ, ಕಾರಂತರ ಬಾಲಪ್ರಪಂಚವನ್ನೂ, ಇಂದಿನ ಹೊಸ ಪುಸ್ತಕಗಳನ್ನೂ ತಾವೇ ಸವಿಯದವರು ಅವುಗಳ ರುಚಿಯನ್ನು ಮಕ್ಕಳಿಗೆ ಹತ್ತಿಸುವುದೆಂತು? ಓದಿ ಹರಿದ ಪುಸ್ತಕದ ಬೆಲೆಯನ್ನು ಉಪಾಧ್ಯಾಯರ ಸಂಬಳದಿಂದ ವಸೂಲು ಮಾಡದಂತೆ ಸ್ಪಷ್ಟ ಆಜ್ಞೆಯೂ ಹೊರಡಲಿ. ಭಯವಿರುವಲ್ಲಿ ಯಾವ ತರಬೇತಿಯೂ ಫಲಿಸದು.

ಇವುಗಳಿಗೆ ತಗಲುವ ವೆಚ್ಚವು ಪುಸ್ತಕಗಳಿಗಾಗಿ ನಾವು ಸುರಿಯುವ ಹಣದ ಮುಂದೆ ಅಲ್ಪವೇ ಸರಿ. ಪ್ರತಿವರ್ಷ ಆಗಸ್ಟ್ 12ರಂದು ರಂಗನಾಥನ್ ಅವರ ನೆನಪಿಗಾಗಿ ಗ್ರಂಥಪಾಲಕರ ದಿನವನ್ನು ಆಚರಿಸುತ್ತೇವೆ. ಅವರ ಚಿತ್ರಕ್ಕೆ ಹೂಮಾಲೆ ಹಾಕುತ್ತೇವೆ. ಕೆಲಸವನ್ನೇ ಬಿಟ್ಟುಹೋಗಲು ಹೊರಟಿದ್ದ ಆ ತರುಣನಿಗೆ ಅಂದು ಹೂಮಾಲೆಯ ಅಗತ್ಯವಿರಲಿಲ್ಲ. ಕಲಿಯಲು ಒಂದು ಅವಕಾಶದ ಅಗತ್ಯವಿತ್ತು. ನಮ್ಮ ಶಾಲೆಗಳಲ್ಲಿ ಬೀಗದ ಕೈ ಹಿಡಿದು ಕುಳಿತಿರುವ ಉಪಾಧ್ಯಾಯರಿಗೂ ಅಂತಹದೇ ಅವಕಾಶವನ್ನು ಈ ಬೇಸಗೆಯಿಂದಲೇ ಕಲ್ಪಿಸಿಕೊಡಬೇಕೆಂದು ವಿದ್ಯಾ ಇಲಾಖೆಯನ್ನು ನಾವು ಆಗ್ರಹಪಡಿಸುತ್ತೇವೆ.